ಭೂಕಂಪದ ಭಾವ

ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ ಫ್ರೀಮಾಂಟಿನಲ್ಲಿ ನಮ್ಮ ಅಕ್ಕ-ಭಾವ ಇದ್ದಾರೆ. ಇಂಥ ಭಾವ ಆ ಕಡೆಯ ಪ್ರತಿ ಕನ್ನಡ ಕೂಟದಲ್ಲೂ ಒಬ್ಬರಿರುತ್ತಾರೆ. ಪಾಟ್‌ಲಕ್‌ನಲ್ಲಿ ಬಿಸಿಬೇಳೆಭಾತಿನ ತಟ್ಟೆ ಹಿಡಿದು, ತಲೆಯ ಮೇಲೆ ತೂಗುವ ದೊಡ್ಡ ದೀಪವನ್ನೊಮ್ಮೆ ನೋಡಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತವರು ಯಾರೋ ಅವರೇ. ಕ್ಷೇಮಸಮಾಚಾರಕ್ಕೂ ಮೊದಲು "ವಾಟರ್ ಹೀಟರಿಗೆ ಪಟ್ಟಿ ಕಟ್ಟಿಸಿದ್ದೀರಾ?" ಅಂತ ಕೇಳುತ್ತಾರೆ. ಇಲ್ಲ ಅಂದಿರೋ, ಅದು ರಾಜ್ಯದ ಕಾನೂನು ಎಂಬಲ್ಲಿಂದ ಶುರುವಾಗಿ ನಿಮ್ಮ ಊಟ ಆರಿಹೋಗುತ್ತದೆ.

ಊರಿಂದ ಬಂದವರನ್ನು ಬೇರೆಯವರು ಗೋಲ್ಡನ್ ಗೇಟ್ ಸೇತುವೆಗೋ ಲಿವರ್‌ಮೋರ್ ದೇವಸ್ಥಾನಕ್ಕೋ ಕರೆದುಕೊಂಡು ಹೋಗುತ್ತಾರೆ. ಭಾವ ಪಕ್ಕದ ಹೇವರ್ಡಿಗೆ ಕರೆದೊಯ್ದು ಒಂದು ಬೀದಿಮೂಲೆ ತೋರಿಸುತ್ತಾರೆ. ಫ್ರೀಮಾಂಟನ್ನೂ ಸೀಳಿಕೊಂಡು ಹೋಗುವ ಹೇವರ್ಡ್ ಫಾಲ್ಟು ಎಂಬ ಭೂಬಿರುಕು ವರ್ಷಕ್ಕೆ ನಾಲ್ಕೈದು ಮಿಲಿಮೀಟರಿನಂತೆ ಸದ್ದಿಲ್ಲದೆ ಜರುಗುತ್ತಿದೆ. ರೋಸ್ ಮತ್ತು ಪ್ರಾಸ್ಪೆಕ್ಟ್ ಬೀದಿಗಳು ಕೂಡುವಲ್ಲಿ ಫುಟ್‌ಪಾತಿನ ಅಂಚುಗಟ್ಟೆ ಅದರಿಂದ ತುಂಡಾಗಿ ಪಕ್ಕಕ್ಕೆ ಸರಿದಿತ್ತು. ಭೂವಿಜ್ಞಾನಿಗಳು ದಶಕಗಳಿಂದ ಅದರ ಫೋಟೊ ತೆಗೆಯುತ್ತಿದ್ದರು. 2016ರಲ್ಲಿ ನಗರಾಡಳಿತದವರು ಅದರ ಬೆಲೆ ತಿಳಿಯದೆ ಕಿತ್ತು, ಹೊಸದು ಕಟ್ಟಿ ನೇರ ಮಾಡಿಬಿಟ್ಟರು. ಆ ವಾರವೆಲ್ಲ ಭಾವನಿಗೆ ಊಟ ಸೇರಲಿಲ್ಲ ಅಂತ ಅಕ್ಕ ಹೇಳುತ್ತಾಳೆ. ಈಗಲೂ ಅತಿಥಿಗಳನ್ನು ಅಲ್ಲಿ ಬಿಸಿಲಿಗೆ ನಿಲ್ಲಿಸಿ, ಇಲ್ಲದ ಬಿರುಕನ್ನು ಬೆರಳಲ್ಲಿ ಗೀಚಿ ತೋರಿಸುತ್ತಾರೆ.

"ಇದು ಕೊನೇ ಸಲ ಜೋರಾಗಿ ಅಲುಗಿದ್ದು 1868ರ ಅಕ್ಟೋಬರ್ 21ಕ್ಕೆ. ನಮ್ಮ ಫ್ರೀಮಾಂಟಲ್ಲೇ ಕಂದಕ ತೋಡಿ, ಸರಾಸರಿ 140 ವರ್ಷಕ್ಕೊಂದು ಸಲ ಬರುತ್ತೆ ಅಂತ ಲೆಕ್ಕ ಹಾಕಿದಾರೆ. ನೀನೇ ಕೂಡಯ್ಯಾ."

ಕೂಡಿದರೆ 2008.

"ನೋಡಿದ್ಯಾ!" ಆ ದನಿಯಲ್ಲಿರುವುದು ಭಯವಲ್ಲ, ಹೇಳಿದ ಹೊತ್ತಿಗೆ ಬಾರದ ಬೀಗರ ಮೇಲಿನ ಮುನಿಸು.

ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ರೆಡ್ ಕ್ರಾಸಿನ ಲೆಕ್ಕದಂತೆ ತಲೆಗೆ ದಿನಕ್ಕೊಂದು ಗ್ಯಾಲನ್, ಅಂದರೆ 3.8 ಲೀಟರ್ ನೀರು, ಎರಡು ವಾರಕ್ಕೆ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದ ಅವರ ಅಮ್ಮ ಸುಮ್ಮನೆ ಕೇಳಿದರು, "ನನ್ನ ಮಡಿನೀರೂ ಇದರಲ್ಲೇ ಸೇರಿತೇನೋ?" ರೆಡ್ ಕ್ರಾಸಿನವರು ಮಡಿಯ ಬಗ್ಗೆ ಏನೂ ಬರೆದಿಲ್ಲ. ಭಾವ ಇನ್ನೊಂದು ಪೀಪಾಯಿ ತಂದರು. ಡಬ್ಬಿ ರಾಜ್ಮಾ, ಗ್ರಾನೋಲಾ ಬಾರುಗಳ ಅವಧಿ ಮುಗಿಯುವ ವಾರ ಆ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಭೂಕಂಪವಾಗದಿದ್ದರೂ ಸಂತ್ರಸ್ತರ ಊಟ ತಪ್ಪುವುದಿಲ್ಲ.

ನವರಾತ್ರಿಯದ್ದು ಬೇರೆಯೇ ಕಥೆ. ಗೊಂಬೆಗಳು ಉರುಳಬಾರದೆಂದು ಭಾವ ಒಂದೊಂದರ ಬುಡಕ್ಕೂ ಮ್ಯೂಸಿಯಂ ಪುಟ್ಟಿ ಮೆತ್ತಿದ್ದರು. ದಶಾವತಾರ, ಶೆಟ್ಟಿ-ಶೆಟ್ಟಮ್ಮ, ಚನ್ನಪಟ್ಟಣದ ಕುದುರೆ, ಯಾರೂ ಮಿಸುಕುವ ಹಾಗಿಲ್ಲ. ವಿಜಯದಶಮಿ ರಾತ್ರಿ ಆರತಿ ಎತ್ತಿ, ಪಟ್ಟದ ಗೊಂಬೆಗಳನ್ನು ಮಲಗಿಸಲು ಅಕ್ಕ ಕೈ ಹಾಕಿದರೆ ರಾಜ ಏಳಲೊಲ್ಲ. ಎಳೆದಳು. ರಾಣಿಯ ಸಮೇತ ಮೆಟ್ಟಿಲ ಹಲಗೆಯೇ ಮೇಲೆದ್ದಿತು. ಮುತ್ತೈದೆಯರು ಉಳಿದ ಆರತಿ ಹಾಡು ಮುಗಿಸುವಷ್ಟು ಹೊತ್ತು ಭಾವ ಹಲ್ಲುಸಂದಿ ಶುಚಿಮಾಡುವ ದಾರವನ್ನು ರಾಜನ ಪಾದದಡಿ ತೂರಿಸಿ ಗರಗಸದಂತೆ ಆಡಿಸಿದರು. ಪುಟ್ಟಿ ಬಿಟ್ಟಿತು. "ಏಳು ರಿಕ್ಟರಿಗೂ ಜಗ್ಗಲ್ಲ!" ಎಂದು ಬೆವರೊರೆಸಿಕೊಂಡರು.

ನಗುವವರಿಗೆ ಒಂದು ಮಾತು. 2018ರ ನವೆಂಬರಿನಲ್ಲಿ ಉತ್ತರದ ಪ್ಯಾರಡೈಸ್ ಊರು ಕಾಳ್ಗಿಚ್ಚಿಗೆ ಸುಟ್ಟು, ಅದರ ಹೊಗೆ ಬೇ ಏರಿಯಾವನ್ನೆಲ್ಲ ಕವಿದಾಗ ಭಾವ ಪೆಟ್ಟಿಗೆಗಟ್ಟಲೆ ಎನ್-95 ಮಾಸ್ಕ್ ತಂದಿಟ್ಟರು. ಅಕ್ಕ ಬೈದಳು. 2020ರ ಮಾರ್ಚಿನಲ್ಲಿ ಕೂಟದ ಜನ ಅದೇ ಗ್ಯಾರೇಜಿನ ಮುಂದೆ ಅಂತರ ಕಾಯ್ದುಕೊಂಡು ನಿಂತಿದ್ದರು. ಭಾವ ಎರಡೆರಡು ಮಾಸ್ಕನ್ನು ಪ್ರಸಾದದ ಗಾಂಭೀರ್ಯದಿಂದ ಹಂಚಿದರು. ಮನುಷ್ಯ ಮನೆಗಾಗಿ ಮಾತ್ರ ಕೂಡಿಡಲಿಲ್ಲ ಎನ್ನುವುದನ್ನು ನಾನು ಮರೆಯಲಾರೆ.

ಆದರೆ ಭೂಕಂಪ ಅವರಿಗೆ ಒಲಿಯಲಿಲ್ಲ. 2022ರ ಅಕ್ಟೋಬರ್ 25ರಂದು ಬೆಳಿಗ್ಗೆ 11.42ಕ್ಕೆ ಸ್ಯಾನ್ ಹೊಸೆಯ ಪೂರ್ವಕ್ಕೆ 5.1ರ ಕಂಪನವಾಯಿತು. ಹೇವರ್ಡ್ ಫಾಲ್ಟಲ್ಲ, ಪಕ್ಕದ ಕ್ಯಾಲವೆರಸ್. ಆದರೂ ಫ್ರೀಮಾಂಟು ನಡುಗಿತು. ಭಾವ ದೀಪಾವಳಿಗೆಂದು ಮೈಸೂರಿಗೆ ಹೋಗಿದ್ದರು! ಅಲ್ಲಿ ನಡುರಾತ್ರಿ. ಅದೇ ಸಂಜೆ ಸೂರ್ಯಗ್ರಹಣ ಬೇರೆ ಹಿಡಿದಿತ್ತಾದ್ದರಿಂದ ಅವರಮ್ಮನಿಗೆ ಕಾರಣ ಸ್ಪಷ್ಟವಾಗಿತ್ತು. ಭಾವ ಅಕ್ಕನಿಗೆ ಫೋನು ಹಚ್ಚಿದರು.

"ಮೈಶೇಕ್ ಆ್ಯಪ್ ಕೂಗ್ತಾ? ಎಷ್ಟು ಸೆಕೆಂಡು ಮುಂಚೆ?"

"ಕೂಗ್ತು ರೀ. ಒಲೆ ಆರಿಸಿ ಮೇಜಿನ ಕೆಳಗೆ ಕೂತೆ. ಆಮೇಲೆ ಎದ್ದು ಒಗ್ಗರಣೆ ಹಾಕಿದೆ."

"ಏನಾದ್ರೂ ಬಿತ್ತಾ?"

"ಒಂದು ಚಮಚಾನೂ ಬೀಳ್ಲಿಲ್ಲ."

"ನಾನಿಲ್ದೇ ಇರೋದು ನೋಡ್ಕೊಂಡೇ ಬಂದಿದೆ," ಎಂದು ಫೋನಿಟ್ಟರು.

ಊರೊಳಗಿನ ಕರೆಗಳು ಸಿಗದಿದ್ದಾಗ ಹೊರರಾಜ್ಯದವರೊಬ್ಬರ ಮೂಲಕ ಸುದ್ದಿ ಮುಟ್ಟಿಸಬೇಕೆಂಬುದು ಅಲ್ಲಿನ ತಜ್ಞರ ಸಲಹೆ. ಡಾಲಸ್‌ನಲ್ಲಿರುವ ನನ್ನನ್ನು ಭಾವ ಆ ಹುದ್ದೆಗೆ ನೇಮಿಸಿದ್ದಾರೆ; ಆಗಾಗ "ಇದು ಪರೀಕ್ಷೆ ಮಾತ್ರ" ಎಂಬ ಮೆಸೇಜು ಬರುತ್ತದೆ. ಹುದ್ದೆಯ ಅಧಿಕಾರದಿಂದ ಒಮ್ಮೆ ಕೇಳಿದೆ. ಅಲ್ಲಿ ಮಾಮೂಲಿ ಮನೆ ವಿಮೆಗೆ ಭೂಕಂಪ ಸೇರುವುದಿಲ್ಲ, ಬೇರೆ ಮಾಡಿಸಬೇಕು. "ಭಾವ, ಆ ವಿಮೆ ಮಾಡಿಸಿದ್ದೀರಿ ತಾನೇ?"

"ಪ್ರೀಮಿಯಂ ಎಷ್ಟು ಗೊತ್ತೇನಯ್ಯಾ? ಅಷ್ಟು ದುಡ್ಡು ಕಟ್ಟಿ, ಆಮೇಲೆ ಭೂಕಂಪ ಆಗದೇ ಹೋದ್ರೆ?"