ಬರ್ಮುಡಾ ತೊಟ್ಟ ಕಡಲ ಶೂರರಿಗೆ

ನಿಟ್ಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಸಿಯಾಟಲ್‌ನಲ್ಲಿ ಕೆಲಸ ಹಿಡಿದು, ಶನಿವಾರ ಬಂತೆಂದರೆ ಕಯಾಕ್ ಏರಿ ಮೀನಿಗೆ ಹೊರಡುವ ನನ್ನ ಎಲ್ಲ ಅಳಿಯಂದಿರಿಗೆ ಊರಿನಿಂದ ಮಾವನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಅತ್ತ ನೀವೂ ಕ್ಷೇಮವೆಂದು ಕುಟುಂಬದ ವಾಟ್ಸಾಪ್ ಗುಂಪಿಗೆ ನಿಮ್ಮಲ್ಲೊಬ್ಬ ಹಾಕಿದ ಫೋಟೊದಿಂದ ತಿಳಿಯಿತು. ಹಿಂದೆ ಹಿಮ ಹೊದ್ದ ಬೆಟ್ಟ, ಮುಂದೆ ಅಲುಗದ ನೀರು, ನಡುವೆ ಹಳದಿ ಕಯಾಕ್. ಕಯಾಕಿನಲ್ಲಿ ಬರ್ಮುಡಾ ಚಡ್ಡಿ, ಕಾಲೇಜು ಹಬ್ಬಕ್ಕೆ ಹೊಲಿಸಿದ ಹತ್ತಿಯ ಟೀ ಶರ್ಟು, ಕಪ್ಪು ಕನ್ನಡಕ, ಕೈಯಲ್ಲಿ ಎರಡೂವರೆ ಅಡಿಯ ಲಿಂಗ್‌ಕಾಡ್ ಮೀನು. ಲೈಫ್ ಜಾಕೆಟ್ ಇಲ್ಲವೆಂದು ನಾನು ಹೇಳಲಾರೆ. ಸೀಟಿನ ಹಿಂದೆ, ಐಸ್ ಪೆಟ್ಟಿಗೆಯ ಅಡಿಯಲ್ಲಿ, ರಬ್ಬರ್ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿಸಿಕೊಂಡು ಅದೂ ಇದೆ. ಕಯಾಕ್ ಮಗುಚಿದರೂ ಅದಕ್ಕೇನೂ ಆಗದ ಹಾಗೆ ನೋಡಿಕೊಂಡಿದ್ದೀರಿ.

"ಚಳಿಯಾಗುವುದಿಲ್ಲವಾ ಮಗಾ?" ಎಂದು ಅಮ್ಮ ಕೇಳಿದ್ದಕ್ಕೆ ಬಂದ ಉತ್ತರ ಹೀಗಿತ್ತು: "ಒಳ್ಳೆ ಬಿಸಿಲಿದೆ ಅಮ್ಮ, ಇಪ್ಪತ್ತೆರಡು ಡಿಗ್ರಿ. ನಾವು ಕರಾವಳಿಯವರಲ್ಲವಾ, ಕಡಲು ನಮಗೆ ಗೊತ್ತುಂಟು." ಆ ಉತ್ತರ ಓದಿದ ಮೇಲೆ ಈ ಪತ್ರ ಬರೆಯದೆ ನನಗೆ ಬೇರೆ ದಾರಿ ಇರಲಿಲ್ಲ.

ನಾವು ಕರಾವಳಿಯವರು ಹೌದು. ಆದರೆ ನಿಟ್ಟೆಯ ಅಂಗಳದಲ್ಲಿ ನಿಂತರೆ ಕಾಣುವುದು ಘಟ್ಟ, ಕಡಲಲ್ಲ. ಕಡಲು ಬೇಕೆಂದರೆ ಬೆಳ್ಮಣ್ ದಾಟಿ, ಪಡುಬಿದ್ರಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಕಾಪುವಿಗೆ ಹೋಗಬೇಕು. ಅಲ್ಲಿ 1901ರ ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಕೂತು ಗಾಳ ಹಾಕಿ, ಸಂಜೆ ಮೊಣಕಾಲು ತನಕ ನೀರಿಗಿಳಿದು, ಚುರುಮುರಿ ತಿಂದು ಮನೆಗೆ ಬಂದದ್ದು ನಿಮ್ಮ ನಾವಿಕ ವಿದ್ಯೆ. ಆ ವಿದ್ಯೆಯನ್ನು ನಾನು ಕಡೆಗಣಿಸುತ್ತಿಲ್ಲ. ಅದು ಕಾಪುವಿಗೆ ಸಾಕು, ಅಷ್ಟೆ.

ನಮ್ಮ ಅರಬ್ಬಿ ಕಡಲಿನ ಮೇಲ್ನೀರು ವರ್ಷದ ಹೆಚ್ಚಿನ ತಿಂಗಳಲ್ಲಿ 27ರಿಂದ 30 ಡಿಗ್ರಿ ಇರುತ್ತದೆ. ಹಾಗೆಂದು ಆ ಕಡಲೇನೂ ಸಾಧುವಲ್ಲ. ಮಳೆಗಾಲದಲ್ಲಿ ಮಲ್ಪೆ ಬೀಚಿಗೆ ಬಲೆ ಕಟ್ಟಿ ಪ್ರವಾಸಿಗರನ್ನು ತಡೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಆ ದಿನಗಳಲ್ಲಿ ನಾಡದೋಣಿಯಲ್ಲಿ ಹೋಗುವ ಮೊಗವೀರರು ಅಲೆಯ ಲೆಕ್ಕ ಹಾಕಿಯೇ ದೋಣಿ ನೂಕುತ್ತಾರೆ. ಈ ಕಡಲು ಅಲೆಯಿಂದ ಕೊಲ್ಲುತ್ತದೆ, ಸೆಳೆತದಿಂದ ಕೊಲ್ಲುತ್ತದೆ, ಅಳಿವೆ ಬಾಯಿಯ ಮರಳಿನಿಂದ ಕೊಲ್ಲುತ್ತದೆ. ಚಳಿಯಿಂದ ಕೊಲ್ಲುವ ವಿದ್ಯೆ ಮಾತ್ರ ಅದಕ್ಕೆ ಬಾರದು. ಹಾಗಾಗಿ ಅದರ ಶಿಷ್ಯರಾದ ನಮಗೂ ಆ ಪಾಠ ಆಗಿಲ್ಲ.

ಸಿಯಾಟಲ್ ಪಕ್ಕದ ನಿಮ್ಮ ಕಡಲು, ಪ್ಯೂಜೆಟ್ ಸೌಂಡ್, ಬೇರೆ ಶಾಲೆ. ಅಲ್ಲಿನ ನೀರು ಚಳಿಗಾಲ, ಬೇಸಿಗೆ ಎನ್ನದೆ ಸುಮಾರು 7ರಿಂದ 13 ಡಿಗ್ರಿಯೊಳಗೇ ಓಡಾಡುತ್ತದೆ. ಅಲ್ಲಿನ ಸರ್ಕಾರ ಲಿಂಗ್‌ಕಾಡ್ ಹಿಡಿಯಲು ಹೆಚ್ಚಿನ ಕಡೆ ಅಪ್ಪಣೆ ಕೊಡುವುದು ಮೇ 1ರಿಂದ ಜೂನ್ 15ರವರೆಗೆ. ಬಿಸಿಲು ಏರಿ ಊರಿನವರೆಲ್ಲ ತೋಳಿಲ್ಲದ ಅಂಗಿ ಹಾಕುವ ಕಾಲ ಅದು. ನೀರು ಮಾತ್ರ ಚಳಿಗಾಲದ ಗುಂಗಿನಿಂದ ಇನ್ನೂ ಎದ್ದಿರುವುದಿಲ್ಲ. ನೀವು ಫೋನ್ ನೋಡಿ ಗಾಳಿಗೆ ಬಟ್ಟೆ ಹಾಕಿಕೊಳ್ಳುತ್ತೀರಿ. ಬೀಳುವುದು ಗಾಳಿಗಲ್ಲವಲ್ಲ.

ಬಿದ್ದ ಮೇಲೆ ಏನಾಗುತ್ತದೆಂದು ತಿಳಿಯಲು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರೊಫೆಸರರು ತಾವೇ ಹಿಮಗಟ್ಟಿದ ಕೆರೆಗೆ ಹಾರಿದವರು, ಅದೂ ಮತ್ತೆ ಮತ್ತೆ. ಅಲ್ಲಿನವರು ಅವರಿಗೆ ಇಟ್ಟ ಅಡ್ಡಹೆಸರನ್ನು ನಮ್ಮಲ್ಲಿ ಐಸ್‌ಕ್ಯಾಂಡಿ ಮೇಷ್ಟ್ರು ಎನ್ನಬಹುದು. ಅವರ ಲೆಕ್ಕ ಸುಲಭದ್ದು: ಒಂದು, ಹತ್ತು, ಒಂದು. ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪಲು ಒಂದು ಗಂಟೆ. ನೀರು ಎಷ್ಟು ತಣ್ಣಗಿದೆ, ನೀವು ಎಷ್ಟು ದಪ್ಪಗಿದ್ದೀರಿ ಎಂಬುದರ ಮೇಲೆ ಇದು ಆಚೀಚೆ ಆಗುತ್ತದೆ.

ಚಳಿಗೆ ಸಾಯಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಈಜಿ ದಡ ಸೇರಬಹುದು ಎಂದು ನೀವು ಹೇಳಬಹುದು. ಈಜು ಬಲ್ಲವರ ಈ ವಾದ ಕೇಳಲು ಬಲು ಚೆನ್ನಾಗಿದೆ. ತೊಂದರೆ ಮೊದಲ ನಿಮಿಷದಲ್ಲಿದೆ. ತಣ್ಣೀರು ಚರ್ಮಕ್ಕೆ ತಾಗಿದ ಕೂಡಲೇ ಎದೆ ತಾನಾಗಿ ದೊಡ್ಡದೊಂದು ಉಸಿರು ಎಳೆದುಕೊಳ್ಳುತ್ತದೆ. ನೀವು ಬೇಡವೆಂದರೂ ಎಳೆಯುತ್ತದೆ. ಆ ಹೊತ್ತಿಗೆ ಬಾಯಿ ನೀರಿನೊಳಗಿದ್ದರೆ ಒಳಗೆ ಹೋಗುವುದು ಗಾಳಿಯಲ್ಲ. ಅದರ ಬೆನ್ನಿಗೇ ಏದುಸಿರು, ಹೃದಯದ ಓಟ, ಗಾಬರಿ. ಕಾಪುವಿನಲ್ಲಿ ಗಳಿಸಿದ ಈಜಿನ ಸರ್ಟಿಫಿಕೇಟನ್ನು ಈ ನಿಮಿಷ ಕೇಳುವುದೇ ಇಲ್ಲ. ಅದು ಕೇಳುವುದು ಒಂದೇ, ಲೈಫ್ ಜಾಕೆಟ್ ಮೈಮೇಲೆ ಇತ್ತೇ? ಮುಂದಿನ ಹತ್ತು ನಿಮಿಷದಲ್ಲಿ ರಕ್ತ ಕೈಕಾಲು ಬಿಟ್ಟು ಎದೆಯ ಕಡೆ ಸರಿಯುತ್ತದೆ. ಬೆರಳು ಮಡಚುವುದಿಲ್ಲ. ಬಕಲ್ ಹಾಕಲಾಗುವುದಿಲ್ಲ. ಐಸ್ ಪೆಟ್ಟಿಗೆಯ ಅಡಿಯಿಂದ, ಮಗುಚಿದ ಕಯಾಕಿನ ಅಡಿಯಿಂದ, ರಬ್ಬರ್ ಹಗ್ಗ ಬಿಡಿಸಿ ಜಾಕೆಟ್ ಎಳೆದು ತೊಡುವ ನಿಮ್ಮ ಯೋಜನೆ ಕಾಗದದ ಮೇಲೆ ಬಹಳ ಸೊಗಸಾಗಿದೆ.

ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 25 ಪಟ್ಟು ಹೆಚ್ಚು. ಇದನ್ನು ನಾನು ನಿಮಗೆ ಹೇಳಬೇಕೇ? ಹೀಟ್ ಟ್ರಾನ್ಸ್‌ಫರ್ ಪರೀಕ್ಷೆಗೆ ಇದೇ ಪಟ್ಟಿಯನ್ನು ಉರುಹೊಡೆದವರು ನೀವು. ಪಾಸಾದ ಮೇಲೆ ಮರೆಯುವ ಹಕ್ಕು ಎಲ್ಲ ವಿದ್ಯಾರ್ಥಿಗಳಿಗೂ ಇದೆ, ಒಪ್ಪಿದೆ. ಟೈಟಾನಿಕ್ ಸಿನಿಮಾವನ್ನಾದರೂ ನೆನಪಿಟ್ಟುಕೊಳ್ಳಬಹುದಿತ್ತು. 1912ರ ಏಪ್ರಿಲ್ 15ರ ಆ ರಾತ್ರಿ ನೀರು ಸೊನ್ನೆಗಿಂತಲೂ ಎರಡು ಡಿಗ್ರಿ ಕೆಳಗಿತ್ತು. ಹಡಗು ಮುಳುಗಿ ಎರಡು ಗಂಟೆಯೊಳಗೆ ರಕ್ಷಣೆಗೆ ಕಾರ್ಪೇಥಿಯಾ ಹಡಗು ಬಂದು ಮುಟ್ಟಿತು. ಅಷ್ಟರಲ್ಲಿ ನೂರಾರು ಮಂದಿ ತೇಲುಪಟ್ಟಿ ಕಟ್ಟಿಕೊಂಡೇ, ತಲೆ ನೀರಿನ ಮೇಲಿದ್ದ ಹಾಗೆಯೇ ಸತ್ತಿದ್ದರು. ತೇಲುವುದು ಒಂದು ಕೆಲಸ, ಬೆಚ್ಚಗಿರುವುದು ಇನ್ನೊಂದು. ಬರ್ಮುಡಾ ಎರಡನ್ನೂ ಮಾಡುವುದಿಲ್ಲ.

ಈಗ ನಿಮ್ಮ ಅಜ್ಜಿಯ ವಿಚಾರಕ್ಕೆ ಬರುತ್ತೇನೆ. ಕಾರ್ತೆಲ್ ತಿಂಗಳ ಜಡಿಮಳೆಯಲ್ಲಿ ನೇಜಿ ನೆಡಲು ಗದ್ದೆಗಿಳಿಯುವಾಗ ಅವರು ಆಕಾಶ ನೋಡಿ ಬಟ್ಟೆ ಆರಿಸಿದವರಲ್ಲ. ಬೆಳಗ್ಗೆ ಬಿಸಿಲು ಇಣುಕಿದರೂ ಗೊರಬು ಹೆಗಲೇರಿಯೇ ಇರುತ್ತಿತ್ತು. ಓಲೆಯನ್ನು ಬಿದಿರಿನ ಸೀಳಿಗೆ ಹೆಣೆದ ಗೊರಬು ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನು ಮುಚ್ಚುತ್ತದೆ, ಎರಡೂ ಕೈಯನ್ನು ಕೆಲಸಕ್ಕೆ ಬಿಡುತ್ತದೆ. ಗಂಡಸರು ಹೊದೆಯುತ್ತಿದ್ದದ್ದು ಕಂಬಳಿಕೊಪ್ಪೆ. ಯಾಕೆ ಕಂಬಳಿ, ಯಾಕೆ ಹತ್ತಿಯ ಶಾಲಲ್ಲ? ಉಣ್ಣೆ ನೆನೆದರೂ ಎಳೆಗಳ ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ, ಸ್ವಲ್ಪವಾದರೂ ಬೆಚ್ಚಗಿಡುತ್ತದೆ. ಹತ್ತಿ ನೆನೆದರೆ ನೀರು ಕುಡಿದು ಮೈಗಂಟಿ ಇದ್ದ ಬಿಸಿಯನ್ನೂ ಹೀರುತ್ತದೆ. ಹೊರಗೆ ನೀರು ತಡೆಯಲು ಒಂದು, ಒಳಗೆ ಬಿಸಿ ಕಾಯಲು ಇನ್ನೊಂದು, ಕೈ ಎರಡೂ ಖಾಲಿ. ಇಂಜಿನಿಯರಿಂಗ್ ಓದದ ಹೆಂಗಸು ನಿಟ್ಟೆಯ ಗದ್ದೆಯಲ್ಲಿ ಇಷ್ಟು ತಿಳಿದುಕೊಂಡಿದ್ದರು. ಓದಿದ ಮೊಮ್ಮಗ ಹತ್ತು ಡಿಗ್ರಿಯ ಸಮುದ್ರಕ್ಕೆ ಹತ್ತಿಯ ಬನಿಯನ್ ತೊಟ್ಟು ಹೋಗುತ್ತಾನೆ. ಶಿಕ್ಷಣ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಆ ಗೊರಬು-ಕಂಬಳಿಯ ಜೋಡಿಯನ್ನೇ ಅಲ್ಲಿನ ಅಂಗಡಿಯವರು ಡ್ರೈಸೂಟ್ ಎಂಬ ಹೆಸರಿನಲ್ಲಿ ಸಾವಿರ ಡಾಲರಿನ ಆಸುಪಾಸಿಗೆ ಮಾರುತ್ತಾರೆ. ಕುತ್ತಿಗೆಗೂ ಮಣಿಕಟ್ಟಿಗೂ ಲೇಟೆಕ್ಸ್ ರಬ್ಬರಿನ ಬಿಗಿ ಪಟ್ಟಿ, ನೀರು ಒಸರದ ಜಿಪ್, ನೀರು ತಡೆಯುವ ಬಟ್ಟೆ. ಒಂದು ವಿಷಯ ಮರೆಯಬೇಡಿ: ಡ್ರೈಸೂಟ್ ತಾನೇ ಬೆಚ್ಚಗಿಡುವುದಿಲ್ಲ. ಅದು ನೀರನ್ನು ಹೊರಗಿಡುತ್ತದೆ, ಅಷ್ಟೆ. ಬಿಸಿ ಕಾಯುವುದು ಒಳಗೆ ತೊಟ್ಟ ಉಣ್ಣೆ ಅಥವಾ ಫ್ಲೀಸ್. ಸಾವಿರ ಡಾಲರಿನ ಸೂಟಿನೊಳಗೆ ಅದೇ ಕಾಲೇಜು ಹಬ್ಬದ ಟೀ ಶರ್ಟು ಹಾಕಿದರೆ ನೀವು ಒಣಗಿದ ಮೈಯಲ್ಲಿ ಚಳಿಗೆ ನಡುಗುತ್ತೀರಿ.

ತೊಟ್ಟ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ತೋಳಿನಿಂದ ಮೈಯನ್ನು ಅಪ್ಪಿಕೊಂಡು, ಕುತ್ತಿಗೆಯ ರಬ್ಬರ್ ಚೂರು ಎಳೆದು ಒಳಗಿನ ಗಾಳಿ ಬಿಡಬೇಕು. ಬಿಡದಿದ್ದರೆ ಉಬ್ಬಿದ ಸೂಟಿನಲ್ಲಿ ಸರಿಯಾಗಿ ಈಜಲೂ ಆಗದು. ದಡದಲ್ಲಿ ನಿಂತ ಜನ ನೋಡಿ ನಗುತ್ತಾರೆ ಎಂದು ನಿಮಗೆ ಸಂಕೋಚವಾಗುತ್ತದೆಂದು ಬಲ್ಲೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷಧಾರಿ ಗಂಟೆಗಟ್ಟಲೆ ಚಿಟ್ಟಿ ಇಟ್ಟುಕೊಂಡು, ಹಗ್ಗ ಬಿಗಿಸಿಕೊಂಡು ಕೂರುವುದಿಲ್ಲವೇ? ಅವನು ರಂಗಸ್ಥಳಕ್ಕೆ ಬರ್ಮುಡಾದಲ್ಲಿ ಬಂದದ್ದನ್ನು ಯಾರಾದರೂ ಕಂಡಿದ್ದೀರಾ? ನಿಮ್ಮ ವೇಷಕ್ಕೆ ಬೇಕಾದದ್ದು ಹತ್ತು ನಿಮಿಷ.

ಅಷ್ಟು ದುಡ್ಡಿಲ್ಲವೆಂದರೆ ನಿಯೋಪ್ರೀನಿನ ವೆಟ್‌ಸೂಟ್ ಇದೆ, ಮೂರರಿಂದ ಐದು ಮಿಲಿಮೀಟರ್ ದಪ್ಪದ್ದು. ಅದರೊಳಗೆ ನೀರು ಬರುತ್ತದೆ, ಬಂದ ತೆಳು ಪದರ ಮೈಬಿಸಿಗೆ ಬೆಚ್ಚಗಾಗುತ್ತದೆ. ಡ್ರೈಸೂಟಿನಷ್ಟಿಲ್ಲ, ಬರ್ಮುಡಾಕ್ಕಿಂತ ಎಷ್ಟೋ ವಾಸಿ. ಎದೆಮಟ್ಟದ ವೇಡರ್ ಹಾಕುವವರು ಸೊಂಟದ ಬೆಲ್ಟ್ ಬಿಗಿಯದೆ ಹೋಗಬೇಡಿ. ವೇಡರಿಗೆ ನೀರು ತುಂಬಿದರೆ ಕಲ್ಲು ಕಟ್ಟಿದ ಹಾಗೆ ತಳಕ್ಕೆ ಎಳೆಯುತ್ತದೆ ಎನ್ನುವುದು ಕಟ್ಟುಕತೆ, ನೀರಿನೊಳಗೆ ನೀರಿಗೆ ಭಾರವಿಲ್ಲ. ಆದರೆ ಆ ನೀರನ್ನು ಹೊತ್ತು ಕಯಾಕಿಗೆ ಮತ್ತೆ ಹತ್ತುವುದು ಆಗುವ ಮಾತಲ್ಲ.

ದುಡ್ಡಿನ ಮಾತು ಬಂತಲ್ಲ, ನಿಮ್ಮ ಕಯಾಕಿನ ಮೂತಿಗೆ ಸಿಕ್ಕಿಸಿದ ಫಿಶ್ ಫೈಂಡರ್ ನೋಡಿದೆ. ನೀರಿನಡಿಯಲ್ಲಿ ಮೀನು ಎಲ್ಲಿದೆಯೆಂದು ಅದು ತೋರಿಸುತ್ತದಂತೆ. ನೀವು ಎಲ್ಲಿದ್ದೀರಿ ಎಂದು ಕೋಸ್ಟ್ ಗಾರ್ಡಿಗೆ ಹೇಳುವ ವಿಎಚ್ಎಫ್ ರೇಡಿಯೊ ಫೋಟೊದಲ್ಲಿ ಕಾಣಲಿಲ್ಲ. ಇದ್ದರೆ ಅದನ್ನೂ ಸೀಟಿನ ಹಿಂದೆ ಕಟ್ಟಿಟ್ಟಿರಬೇಕು. ರೇಡಿಯೊ, ಸೀಟಿ, ಹಗ್ಗ ಕೊಯ್ಯುವ ಚಾಕು ಇವೆಲ್ಲ ಜಾಕೆಟಿನ ಮೇಲೆ ಇರಬೇಕು, ಜಾಕೆಟ್ ನಿಮ್ಮ ಮೇಲೆ. ಮನುಷ್ಯ ಮತ್ತು ಕಯಾಕ್ ಬೇರೆಯಾದ ಮೇಲೆ ಕಯಾಕಿನಲ್ಲಿದ್ದದ್ದೆಲ್ಲ ಗಾಳಿ ಬೀಸಿದ ಕಡೆ ಹೋಗುತ್ತದೆ. ಮೀನಿಗೆ ಕಾಣಬಾರದೆಂದು ನೀಲಿ ಬಣ್ಣದ ಜಾಕೆಟ್ ತಂದಿದ್ದೀರಂತೆ. ಹುಡುಕಲು ಬರುವ ಹೆಲಿಕಾಪ್ಟರಿಗೂ ಕಾಣುವುದಿಲ್ಲ.

ಕಾನೂನು ನಿಮ್ಮ ಪರವಾಗಿದೆ ಎನ್ನುವುದನ್ನೂ ಒಪ್ಪುತ್ತೇನೆ. ವಾಷಿಂಗ್ಟನ್ ರಾಜ್ಯದ ಕಾನೂನು ಕೇಳುವುದು ಕಯಾಕಿನಲ್ಲಿ ತಲೆಗೊಂದು ಜಾಕೆಟ್ ಇದೆಯೇ ಎಂದು ಮಾತ್ರ. ಇಂಥ ಸಣ್ಣ ದೋಣಿಯಲ್ಲಿ ತೊಟ್ಟೇ ಇರಬೇಕೆನ್ನುವುದು 12 ವರ್ಷ ಮೀರದ ಮಕ್ಕಳಿಗೆ. ಹದಿಮೂರಕ್ಕೆ ಬುದ್ಧಿ ಬರುತ್ತದೆಂದು ಅವರ ನಂಬಿಕೆ. ಅದೇ ದೇಶದ ಕೋಸ್ಟ್ ಗಾರ್ಡ್ ಮಾತ್ರ, ದೋಣಿ ಅವಘಡದಲ್ಲಿ ಮುಳುಗಿ ಸತ್ತ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲವೆಂದು ವರ್ಷ ವರ್ಷವೂ ಬರೆಯುತ್ತಿದೆ.

ಇಷ್ಟೆಲ್ಲ ಹೇಳುವುದರಲ್ಲಿ ನನ್ನ ಸ್ವಾರ್ಥವೂ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಸೋದರಳಿಯನೇ ವಾರಸುದಾರನಾಗುವ ಅಳಿಯಕಟ್ಟಿನ ಗತ್ತು ಇಳಿದಿರಬಹುದು, ಆದರೆ ಕುಟುಂಬದ ದೈವದ ಚಾವಡಿಗೆ ಬಾಗಿ ನಿಲ್ಲಲು, ತಗಾದೆಯ ಪಾಲುಪಟ್ಟಿಗೆ ಸಹಿ ಹಾಕಲು ಇಂದಿಗೂ ಅಳಿಯನೇ ಬೇಕು. ಮಾವನಿಗಿಂತ ಮೊದಲೇ ಅಳಿಯ ಹೋದರೆ ಕಾಗದಪತ್ರ ಬಹಳ ತೊಡಕಾಗುತ್ತದೆ. ಈ ವಯಸ್ಸಿನಲ್ಲಿ ಕಾರ್ಕಳದ ಕಚೇರಿಗೆ ನನ್ನನ್ನು ಅಲೆಸಬೇಡಿ.

ಸೂಟ್ ತಂದ ದಿನವೇ ನೇರ ಮೀನಿಗೆ ಹೋಗಬೇಡಿ. ದಡದ ಹತ್ತಿರ, ಎದೆಮಟ್ಟದ ನೀರಿನಲ್ಲಿ, ಇನ್ನೊಬ್ಬ ಜೊತೆಗಿರುವಾಗ, ಬೇಕೆಂದೇ ಮಗುಚಿ ಬಿದ್ದು ನೋಡಿ. ಜಿಪ್ ಪೂರ್ತಿ ಎಳೆಯದೆ ಉಳಿದಿದ್ದರೆ ಅಲ್ಲೇ ಗೊತ್ತಾಗಲಿ. ಕಯಾಕಿಗೆ ಮತ್ತೆ ಹತ್ತಲು ಬರುತ್ತದೋ ಇಲ್ಲವೋ ಅದೂ ಅಲ್ಲೇ ತಿಳಿಯಲಿ. ಬಿದ್ದದ್ದರ ವಿಡಿಯೊ ಗುಂಪಿಗೆ ಹಾಕಿದರೆ ಹಿರಿಯರೆಲ್ಲ ಸಂತೋಷದಿಂದ ನೋಡುತ್ತೇವೆ.

ಇತಿ ನಿಮ್ಮ
ಮಾವ

ತಾ.ಕ.: ಆಗಸ್ಟಿನಲ್ಲಿ ಲೇಕ್ ವಾಷಿಂಗ್ಟನ್‌ನ ಮೇಲ್ನೀರು 20 ಡಿಗ್ರಿ ದಾಟುತ್ತದಂತೆ. ಆಗ ಬರ್ಮುಡಾ ಹಾಕಿ, ಬೇಡವೆನ್ನುವುದಿಲ್ಲ. ಜಾಕೆಟ್ ಆಗಲೂ ಮೈಮೇಲೆಯೇ ಇರಲಿ.

ಇನ್ನೊಂದು. ಕೊಯ್ದ ಲಿಂಗ್‌ಕಾಡಿನ ಮಾಂಸ ನೀಲಿ ಕಂಡು ನಿಮ್ಮ ಅಮ್ಮ ಗಾಬರಿಯಾಗಿದ್ದರು. ಕೆಲವು ಮೀನು ಹಾಗಿರುತ್ತದೆ, ಬೇಯಿಸಿದರೆ ಬೆಳ್ಳಗಾಗುತ್ತದೆ ಎಂದು ಸಮಾಧಾನ ಹೇಳಿದ್ದೇನೆ. ನೀರಿನಿಂದ ಎತ್ತಿದ ಗೆಳೆಯನ ತುಟಿ ನೀಲಿಯಾಗಿದ್ದರೆ ಅವನನ್ನು ಬಿಸಿನೀರಿಗೆ ಇಳಿಸಬೇಡಿ, ಕೈಕಾಲು ಉಜ್ಜಬೇಡಿ. ಮೆಲ್ಲಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಸುತ್ತಿ, 911ಕ್ಕೆ ಫೋನ್ ಮಾಡಿ. ಬ್ರಾಂಡಿ ಕುಡಿಸಿದರೆ ಚರ್ಮದ ರಕ್ತನಾಳ ಹಿಗ್ಗಿ ಇದ್ದ ಬಿಸಿಯೂ ಹೊರಗೆ ಹೋಗುತ್ತದೆ. ಬಾಟಲಿಯ ಮುಚ್ಚಳ ತೆಗೆಯದೆ ಡಿಸೆಂಬರಿನಲ್ಲಿ ಊರಿಗೆ ಬರುವಾಗ ತನ್ನಿ, ಇಲ್ಲಿ ಅದರಿಂದ ಯಾರಿಗೂ ಅಪಾಯವಿಲ್ಲ.