ನಾಳಧೂಳಿ ಮೀಮಾಂಸೆ

ಮಂಗಳಾಚರಣೆಯನ್ನು ಕೈಬಿಟ್ಟಿದ್ದೇವೆ. ಈ ಶಾಸ್ತ್ರದ ಅಧಿದೇವತೆ ವಾಯುವೋ, ಧೂಳೋ, ಕ್ರೆಡಿಟ್ ಕಾರ್ಡೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆದ್ದರಿಂದ ನೇರ ಅನುಬಂಧ ಚತುಷ್ಟಯಕ್ಕೆ ಬರೋಣ.

ವಿಷಯ: ಉತ್ತರ ಅಮೆರಿಕದ ಮನೆಗಳ ಅಟ್ಟ, ಗೋಡೆ, ನೆಲಮಾಳಿಗೆಗಳಲ್ಲಿ ಅಡಗಿ ಸಾಗುವ ಗಾಳಿಕೊಳವೆಗಳನ್ನು, ಅಂದರೆ ಡಕ್ಟುಗಳನ್ನು, ದುಡ್ಡು ಕೊಟ್ಟು ಗುಡಿಸಿಸಬೇಕೆ, ಇಲ್ಲ ಅದೊಂದು ಟೋಪಿಯೆ ಎಂಬುದು. ಪ್ರಯೋಜನ: ಐನೂರು ಡಾಲರ್ ಉಳಿದರೂ ಉಳಿಯಬಹುದು. ಅಧಿಕಾರಿ, ಅಂದರೆ ಈ ಗ್ರಂಥವನ್ನು ಓದಲು ಯೋಗ್ಯನಾದವನು: ಮೂವತ್ತು ವರ್ಷದ ಸಾಲ ಹೊತ್ತು ಡಲ್ಲಾಸಿನ ಆಚೆ ಫ್ರಿಸ್ಕೊದಲ್ಲಿ ಮನೆ ಕೊಂಡ ಕನ್ನಡಿಗ, ಮತ್ತು ಆರು ತಿಂಗಳಿಗೆಂದು ಬಂದು ಅವನ ಮನೆಯ ಕಿಟಕಿಗಳೆಲ್ಲ ಯಾಕೆ ಮುಚ್ಚಿವೆ ಎಂದು ದಿನಾ ಕೇಳುವ ಅವನ ತಾಯಿ. ಸಂಬಂಧ: ಮೇಲಿನ ಇಬ್ಬರಿಗೂ ಫೋನು ಮಾಡುವ ಅಪರಿಚಿತ.

ವಸ್ತುಸ್ವರೂಪವನ್ನು ತಿಳಿಯದೆ ವಾದಕ್ಕೆ ಇಳಿಯಬಾರದು. ನಮ್ಮ ಬೆಂಗಳೂರಿನ ಮನೆಗೆ ಧೂಳು ಕಿಟಕಿಯಿಂದ ನೇರವಾಗಿ ಬಂದು ಟಿವಿಯ ಮೇಲೆ ಕೂರುತ್ತದೆ. ಯಾವ ಮುಚ್ಚುಮರೆಯೂ ಇಲ್ಲ. ಅಮೆರಿಕದ ಮನೆಯಲ್ಲಿ ಹಾಗಲ್ಲ. ಅಲ್ಲೊಂದು ಫರ್ನೇಸು, ಅದರ ಹೊಟ್ಟೆಯಲ್ಲೊಂದು ಬ್ಲೋವರ್. ಅದು ರಿಟರ್ನ್ ಎಂಬ ದೊಡ್ಡ ಜಾಲಂದರದಿಂದ ಮನೆಯ ಗಾಳಿಯನ್ನು ಎಳೆದುಕೊಂಡು, ಫಿಲ್ಟರಿನ ಮೂಲಕ ಹಾಯಿಸಿ, ಬಿಸಿಯೋ ತಂಪೋ ಮಾಡಿ, ಸಪ್ಲೈ ಡಕ್ಟುಗಳಲ್ಲಿ ಕೋಣೆ ಕೋಣೆಗೆ ನೂಕುತ್ತದೆ. ತಂಪು ಮಾಡುವ ಸಾಮರ್ಥ್ಯದ ಒಂದೊಂದು ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಎಂಬುದು ಕಸುಬಿನವರ ಲೆಕ್ಕ. ಮೂರು ಟನ್ನಿನ ಯಂತ್ರವಾದರೆ 1200. ಈ ಸಂಖ್ಯೆಯನ್ನು ಓದುಗರು ಮರೆಯಬಾರದು, ಮುಂದೆ ಖಂಡನೆಗೆ ಬೇಕು.

ಡಕ್ಟಿನ ಅತಿ ಮುಖ್ಯ ಲಕ್ಷಣ ಗಾಳಿಯಲ್ಲ, ಅದೃಶ್ಯತೆ. ಮನೆಯೊಡೆಯ ಅದರೊಳಗೆ ಎಂದೂ ಇಣುಕಿರುವುದಿಲ್ಲ. ಯಾರೂ ನೋಡದ ಜಾಗದ ಬಗ್ಗೆ ಯಾರು ಏನು ಹೇಳಿದರೂ ನಂಬಬೇಕಾಗುತ್ತದೆ. ಸ್ವರ್ಗ, ನರಕ, ದೊಡ್ಡಕರುಳು ಇವುಗಳ ಬಗ್ಗೆ ಮಾತಾಡಿಯೇ ಸಂಸಾರ ಸಾಗಿಸಿದ ವೃತ್ತಿಗಳು ಲೋಕದಲ್ಲಿ ಎಷ್ಟಿಲ್ಲ!

ಇನ್ನು ಪೂರ್ವಪಕ್ಷ. ಇದನ್ನು ಮಂಡಿಸುವವನು ಸಾಮಾನ್ಯವಾಗಿ ಊಟದ ಹೊತ್ತಿಗೆ ಫೋನು ಮಾಡುತ್ತಾನೆ. ಕೆನಡಾದಲ್ಲಂತೂ ಈ ಕರೆಗಳ ಕಾಟ ಎಷ್ಟು ಹೆಚ್ಚಿತೆಂದರೆ, 2008ರಲ್ಲಿ ಶುರುವಾದ ‘ಕರೆ ಮಾಡಬೇಡಿ’ ಪಟ್ಟಿಯನ್ನು ಮುರಿದುದಕ್ಕೆ ಅಲ್ಲಿನ ದೂರಸಂಪರ್ಕ ನಿಯಂತ್ರಕರು ದಂಡ ಹಾಕಿದವರಲ್ಲಿ ಡಕ್ಟು ಗುಡಿಸುವವರೂ ಇದ್ದಾರೆ. ಆದರೂ ಆತನ ವಾದಕ್ಕೆ ಪಂಚಾವಯವಗಳು ಪೂರ್ತಿ ಇವೆ, ಅದನ್ನು ಒಪ್ಪಬೇಕು. ಪ್ರತಿಜ್ಞೆ: ನಿಮ್ಮ ಮನೆ ರೋಗದ ಗೂಡು. ಹೇತು: ಡಕ್ಟಿನಲ್ಲಿ ಧೂಳಿರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಧೂಳೋ ಅಲ್ಲಲ್ಲಿ ಸೀನು, ನಿಮ್ಮ ಪಕ್ಕದ ಮನೆಯವರ ಹಾಗೆ. ಉಪನಯ: ನಿಮ್ಮದೂ ಹಾಗೇ. ನಿಗಮನ: ಆದ್ದರಿಂದ ನಾಳೆ ಹನ್ನೊಂದಕ್ಕೆ ಹುಡುಗರನ್ನು ಕಳಿಸುತ್ತೇವೆ, ಇಡೀ ಮನೆಗೆ ಬರೀ 99 ಡಾಲರ್, ಕಾರ್ಡ್ ನಂಬರ್ ಹೇಳಿ.

ನ್ಯಾಯಸೂತ್ರಕಾರ ಗೌತಮನ ಕಾಲದಿಂದ ಇಂದಿನವರೆಗೆ ನಿಗಮನವು ಕಾರ್ಡ್ ನಂಬರಿನಲ್ಲಿ ಮುಗಿದದ್ದು ಇದೇ ಮೊದಲು.

ಪ್ರಮಾಣಗಳನ್ನು ಒಂದೊಂದಾಗಿ ನೋಡುವ. ಪ್ರತ್ಯಕ್ಷದಲ್ಲಿ ಪೂರ್ವಪಕ್ಷಿ ಬಲಶಾಲಿ. ಹುಡುಗ ಬಂದವನೇ ಜಾಲಂದರದ ಸ್ಕ್ರೂ ಬಿಚ್ಚಿ, ಕೊಳವೆಯೊಳಗೆ ಫೋನು ತೂರಿಸಿ, ಕ್ಲಿಕ್ಕಿಸಿ, ಬೂದು ಬಣ್ಣದ ತುಪ್ಪಳದಂಥದ್ದನ್ನು ಮನೆಯೊಡತಿಯ ಮುಖಕ್ಕೆ ಹಿಡಿಯುತ್ತಾನೆ. ಒಡತಿ ‘ಅಯ್ಯೋ ದೇವರೇ’ ಎನ್ನುತ್ತಾಳೆ. ವಾದ ಅಲ್ಲಿಗೇ ಗೆದ್ದಂತೆ. ಆ ಚಿತ್ರ ಇದೇ ಮನೆಯ ಡಕ್ಟಿನದೋ, ಹೋದ ವಾರದ ಮನೆಯದೋ ಎಂದು ಕೇಳುವುದು ಸಭ್ಯತೆಯಲ್ಲವಾದ್ದರಿಂದ ಆ ಪ್ರಶ್ನೆಯನ್ನು ಬಿಡೋಣ. ಇದೇ ಮನೆಯದೆಂದೇ ಇಟ್ಟುಕೊಳ್ಳೋಣ. ಧೂಳು ನಿಜ. ಈ ವಿವಾದದ ಸೊಗಸೆಲ್ಲ ಇರುವುದು ಇಲ್ಲಿಯೇ: ಟೋಪಿ ಹಾಕುವವನು ಸುಳ್ಳನ್ನು ತೋರಿಸುತ್ತಿಲ್ಲ, ನಿಜವಾದ ಧೂಳನ್ನೇ ತೋರಿಸುತ್ತಾನೆ. ಸುಳ್ಳು ಇರುವುದು ‘ಆದ್ದರಿಂದ’ ಎಂಬ ಅವ್ಯಯದಲ್ಲಿ.

ರಿಟರ್ನ್ ಜಾಲಂದರದ ಸರಳುಗಳಿಗೆ ಅಂಟಿದ ಕಪ್ಪನ್ನೂ ಆತ ತೋರಿಸುತ್ತಾನೆ. ಮನೆಯ ಗಾಳಿಯೆಲ್ಲ ಆ ಸರಳುಗಳ ನಡುವೆ ನುಗ್ಗುವಾಗ ಧೂಳು ಅಲ್ಲಿ ತಂಗುವುದು ಸಹಜ. ಒಳಗಿನ ಡಕ್ಟು ಕೊಳೆತಿದೆ ಎಂಬುದಕ್ಕೆ ಅದು ಗುರುತಲ್ಲ. ಮನೆಯಲ್ಲಿರುವ ವ್ಯಾಕ್ಯೂಮಿನಿಂದ ಎಳೆದರೆ ಹೋಗುತ್ತದೆ. ಇದಕ್ಕೆ ಶಾಸ್ತ್ರಾಧ್ಯಯನ ಬೇಡ, ಸ್ಟೂಲು ಸಾಕು.

ಇದರ ಮೇಲೊಂದು ನಿದರ್ಶನ ಸಂವಾದ. ಕಲ್ಪಿತವಾದರೂ ಅಸಂಭವವಲ್ಲ.

‘ಲೋ, ಈ ತೂತಿನೊಳಗೆ ಏನಿದೆ ಅಂತ ಯಾವತ್ತಾದ್ರೂ ನೋಡಿದೀಯೇನೋ?’

‘ಇಲ್ಲಮ್ಮ.’

‘ಆ ಹುಡುಗ ನೋಡಿದನಾ?’

‘ಫೋಟೋ ತೆಗೆದ್ನಲ್ಲಮ್ಮ.’

‘ಅದರಲ್ಲಿರೋ ಧೂಳು ಇಷ್ಟು ವರ್ಷ ಅಲ್ಲೇ ಕೂತಿದೆ ಅಂದ್ಮೇಲೆ ಅದು ಹೊರಗೆ ಬರಲ್ಲ ಅಂತ ತಾನೇ ಅರ್ಥ? ಬರೋದಾಗಿದ್ರೆ ಇಷ್ಟು ಹೊತ್ತಿಗೆ ಬಂದು ನನ್ನ ಸೀರೆ ಮೇಲೆ ಕೂತಿರೋದಲ್ಲ!’

ತಾಯಿಯ ಈ ವಾಕ್ಯ ತರ್ಕಶಾಸ್ತ್ರದಲ್ಲಿ ಅಮೂಲ್ಯವಾದದ್ದು. ಮೂರು ಟನ್ನಿನ ಬ್ಲೋವರ್ ನಿಮಿಷಕ್ಕೆ 1200 ಘನ ಅಡಿ ಗಾಳಿಯನ್ನು ವರ್ಷಗಟ್ಟಲೆ ನೂಕಿಯೂ ಅಲುಗಾಡದ ಧೂಳು ಡಕ್ಟಿನ ಗೋಡೆಗೆ ಅಂಟಿಕೊಂಡು ಸ್ಥಿತಪ್ರಜ್ಞವಾಗಿದೆ. ಅಲುಗುವ ಧೂಳು ಎಂದೋ ಹೊರಗೆ ಬಂದು, ರಿಟರ್ನಿಗೆ ಸಿಕ್ಕಿ, ಫಿಲ್ಟರಿನಲ್ಲಿ ಮೋಕ್ಷ ಪಡೆದಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, 1997ರ ಅಕ್ಟೋಬರಿನ ಪುಸ್ತಿಕೆಯಲ್ಲಿ ಹೇಳಿರುವುದೂ ಇದನ್ನೇ, ಸೀರೆಯ ಉಲ್ಲೇಖವೊಂದನ್ನು ಬಿಟ್ಟು: ಡಕ್ಟಿನ ಕೊಳೆ ಬಹುಪಾಲು ಗೋಡೆಗೆ ಅಂಟಿಕೊಂಡಿರುತ್ತದೆ, ವಾಸದ ಜಾಗಕ್ಕೆ ಬರಲೇಬೇಕೆಂದಿಲ್ಲ, ಡಕ್ಟು ಗುಡಿಸಿದ್ದರಿಂದ ಕಾಯಿಲೆ ತಪ್ಪಿತೆಂದು ಈವರೆಗೆ ಯಾರೂ ತೋರಿಸಿಲ್ಲ. ಕೆನಡಾದ ಅಡಮಾನ ಮತ್ತು ವಸತಿ ನಿಗಮದವರು ಗುಡಿಸುವ ಮೊದಲೂ ಆಮೇಲೂ ಮನೆಗಳನ್ನು ಅಳೆದು ನೋಡಿದರು. ಗಾಳಿಯ ಕಣಗಳಲ್ಲಾಗಲಿ, ಡಕ್ಟಿನ ಹರಿವಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಲ್ಲಿಗೆ ಶಬ್ದಪ್ರಮಾಣವೂ ಮುಗಿಯಿತು. ಉಪಮಾನಕ್ಕೆ ಬೆಂಗಳೂರಿನ ಸ್ಪ್ಲಿಟ್ ಏಸಿಯನ್ನು ತರೋಣವೆಂದರೆ ಅದಕ್ಕೆ ಡಕ್ಟೇ ಇಲ್ಲ. ಐತಿಹ್ಯಕ್ಕೆ 1985ರ ‘ಬ್ರೆಜಿಲ್’ ಸಿನಿಮಾ ಇದೆ. ಅದು ಶುರುವಾಗುವುದೇ ಟಿವಿಯಲ್ಲಿ ಡಕ್ಟುಗಳ ಜಾಹೀರಾತಿನಿಂದ. ಡಕ್ಟುಗಳಿಂದ ಆ ಕಥಾನಾಯಕನಿಗೆ ಒಳ್ಳೆಯದೇನೂ ಆಗುವುದಿಲ್ಲ ಎಂಬಷ್ಟನ್ನು ಹೇಳಿ ಮುಂದೆ ಹೋಗುವ.

ಅನುಮಾನಖಂಡವೇ ಈ ಗ್ರಂಥದ ತಿರುಳು. ಇಲ್ಲಿ ಓದುಗರು ಸ್ವಲ್ಪ ಕಾಫಿ ಕುಡಿದು ಬರಬಹುದು.

ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಆದರೆ ಬೆಂಕಿ ಕಂಡಲ್ಲೆಲ್ಲ ಹೊಗೆ ಇದೆ ಎನ್ನಲಾಗದು. ನೈಯಾಯಿಕರು ಇದಕ್ಕೆ ಕಾಯಿಸಿದ ಕಬ್ಬಿಣದ ಗುಂಡನ್ನು ಎತ್ತಿ ತೋರಿಸುತ್ತಾರೆ: ಬೆಂಕಿ ಧಗಧಗ, ಹೊಗೆ ಸೊನ್ನೆ. ಹೊಗೆ ಬರಬೇಕಾದರೆ ಬೆಂಕಿಯ ಜೊತೆಗೆ ಹಸಿ ಸೌದೆ ಸೇರಬೇಕು. ಆ ಹಸಿತನಕ್ಕೆ ‘ಉಪಾಧಿ’ ಎಂದು ಹೆಸರು. ಉಪಾಧಿಯನ್ನು ಮರೆಮಾಚಿದ ಅನುಮಾನ ಕೆಟ್ಟ ಅನುಮಾನ.

ಈಗ ಡಕ್ಟಿಗೆ ಬನ್ನಿ. ಧೂಳಿದ್ದಲ್ಲೆಲ್ಲ ರೋಗ ಎಂಬ ವ್ಯಾಪ್ತಿ, ಅಂದರೆ ತಪ್ಪದ ಸಂಬಂಧ, ಕೂಡುವುದಿಲ್ಲ. ಒಣ ತಗಡಿನ ಡಕ್ಟಿನಲ್ಲಿ ಒಣ ಧೂಳು ಕಬ್ಬಿಣದ ಗುಂಡಿನಂತೆ ಸುಮ್ಮನೆ ಕೂತಿರುತ್ತದೆ. ಕೇಡು ಹುಟ್ಟಬೇಕಾದರೆ ಇಲ್ಲೂ ಬೇಕಾದದ್ದು ಹಸಿ. ತಂಪು ಕಾಯಿಲಿನಿಂದ ತೊಟ್ಟಿಕ್ಕುವ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡು ತಟ್ಟೆ ತುಂಬಿ ಹರಿಯಬೇಕು, ಅಥವಾ ಅಟ್ಟದ ಸೆಕೆಯಲ್ಲಿ ತಣ್ಣನೆಯ ಡಕ್ಟು ಬೆವರಬೇಕು. ಆಗ ಬೂಷ್ಟು. ಶತಮಾನಗಳ ಹಿಂದಿನ ಗುರುಕುಲದ ಉಪಾಧಿಯೂ ಹಸಿ, ಟೆಕ್ಸಾಸಿನ ಅಟ್ಟದ ಉಪಾಧಿಯೂ ಹಸಿ! ಇದನ್ನು ಕಂಡುಕೊಂಡಾಗ ಪ್ರಸ್ತುತ ಗ್ರಂಥಕರ್ತನು ಎದ್ದು ನಿಂತು ಎರಡು ಸುತ್ತು ಓಡಾಡಿದನೆಂದು ಶಿಷ್ಯರು ಬರೆದಿಟ್ಟಿದ್ದಾರೆ.

ಇದರಿಂದ ಮೂರು ಅಪವಾದಗಳು ಹೊರಡುತ್ತವೆ, ಇಪಿಎಗೂ ಸಮ್ಮತ. ಗಟ್ಟಿ ಮೈಯ ಡಕ್ಟಿನೊಳಗೆ ಕಣ್ಣಿಗೆ ಕಾಣುವಷ್ಟು ಬೂಷ್ಟು ಬೆಳೆದಿದ್ದರೆ, ಇಲಿ ಅಥವಾ ಹುಳಗಳು ಸಂಸಾರ ಹೂಡಿದ್ದರೆ, ಕಸ ತುಂಬಿ ಡಕ್ಟು ಕಟ್ಟಿಕೊಂಡಿದ್ದರೆ ಅಥವಾ ಸಪ್ಲೈ ಜಾಲಂದರದಿಂದ ಕಣಗಳು ನಿಜಕ್ಕೂ ಮನೆಯೊಳಗೆ ಉದುರುತ್ತಿದ್ದರೆ, ಗುಡಿಸಿಸಿ. ಮನೆ ಕಟ್ಟಿದವರು ಬಿಟ್ಟುಹೋದ ಮರದ ಪುಡಿ, ಜಿಪ್ಸಮ್ ಪುಡಿ ಈ ಮೂರನೆಯದಕ್ಕೆ ಸೇರುತ್ತದೆ. ಆದರೆ ನೀರಿನ ಮೂಲವನ್ನು ನಿಲ್ಲಿಸದೆ ಬೂಷ್ಟನ್ನಷ್ಟೇ ತೆಗೆದರೆ ಅದು ಮತ್ತೆ ಬರುತ್ತದೆ. ನೆನೆದು ಬೂಷ್ಟು ಹಿಡಿದ ಫೈಬರ್‌ಗ್ಲಾಸ್ ಒಳಪದರವನ್ನಂತೂ ಗುಡಿಸಿ ಉಳಿಸಲಾಗದು, ಬದಲಿಸಬೇಕು.

ಬೂಷ್ಟು ಎಂದವನ ಮಾತನ್ನೂ ಹಾಗೇ ನಂಬಬೇಕಿಲ್ಲ. ನೋಡಲು ಬೂಷ್ಟಿನಂತಿರುವ ಬೇರೆ ಕೊಳೆಗಳು ಬೇಕಾದಷ್ಟಿವೆ. ಮಕ್ಕಳ ಹೋಂವರ್ಕಿಗೆ ಬಳಸುವ ಪಾರದರ್ಶಕ ಟೇಪಿನ ತುಂಡನ್ನು ಆ ಕಲೆಗೆ ಒತ್ತಿ, ಕಿತ್ತು, ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಿದರೆ ಹೌದೋ ಅಲ್ಲವೋ ಎಂದು ಹೇಳುವವರಿದ್ದಾರೆ. ಸುಮಾರು 50 ಡಾಲರ್ ಎಂದು ಇಪಿಎ ಬರೆದಿದೆ. ಹುಡುಗನೆದುರು ಟೇಪು ತೆಗೆದು ನೋಡಿ. ಎಷ್ಟೋ ಬಾರಿ ಬೂಷ್ಟು ಆ ಕ್ಷಣಕ್ಕೇ ಮಾಯವಾಗುವ ಸಂಭವವಿದೆ.

ಇನ್ನು ಅರ್ಥಶಾಸ್ತ್ರ. ನೆಟ್ಟಗೆ ಮಾಡಿದರೆ ಈ ಕೆಲಸಕ್ಕೆ ಒಂದು ವ್ಯವಸ್ಥೆಗೆ 450ರಿಂದ 1000 ಡಾಲರ್ ಎಂದು ಇಪಿಎ ಲೆಕ್ಕ. ಎಲ್ಲ ಜಾಲಂದರಗಳಿಗೂ ಪ್ಲಾಸ್ಟಿಕ್ಕು ಅಂಟಿಸಿ, ಫರ್ನೇಸಿನ ಬಳಿಯ ದೊಡ್ಡ ಡಕ್ಟಿಗೆ ಭಾರೀ ವ್ಯಾಕ್ಯೂಮ್ ಜೋಡಿಸಿ, ಒಳಗೆಲ್ಲ ಎಳೆತ ಹುಟ್ಟಿಸಿ, ಆಮೇಲೆ ಒಂದೊಂದು ಕವಲಿನಲ್ಲೂ ಬ್ರಷ್ಷು ತಿರುಗಿಸಬೇಕು. ಬ್ಲೋವರ್, ಕಾಯಿಲನ್ನೂ ಬಿಡುವಂತಿಲ್ಲ. ನಿಜ ಹೇಳಬೇಕೆಂದರೆ ಯಂತ್ರಕ್ಕೆ ಏನಾದರೂ ಲಾಭ ಇದ್ದರೆ ಆ ಎರಡನ್ನು ತೊಳೆದದ್ದರಿಂದ. ಇದೆಲ್ಲ ಗಂಟೆಗಟ್ಟಲೆಯ ಕೆಲಸ. 99 ಡಾಲರಿಗೆ ಬಂದವನು ಪೆಟ್ರೋಲು, ಸಂಬಳ, ಯಂತ್ರದ ಬಾಡಿಗೆ ಕಳೆದು ಹೇಗೆ ಬದುಕುತ್ತಾನೆ ಎಂದು ಅರ್ಥಾಪತ್ತಿಯಿಂದ ತಿಳಿಯಬೇಕು. ಹಗಲು ಊಟ ಮಾಡದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆ. ಈತ ಉಣ್ಣುವುದು ಬೂಷ್ಟು ‘ಕಂಡ’ ಮೇಲೆ ಬರೆಯುವ ಎರಡನೆಯ ಬಿಲ್ಲಿನಲ್ಲಿ. 1989ರಿಂದ ಇರುವ ಡಕ್ಟು ಗುಡಿಸುವವರ ರಾಷ್ಟ್ರೀಯ ಸಂಘ, ನ್ಯಾಡ್ಕಾ, ಇಂಥ ಅಗ್ಗದ ಜಾಹೀರಾತಿಗೆ ಮರುಳಾಗಬೇಡಿ ಎಂದು ತಾನೇ ಎಚ್ಚರಿಸುತ್ತದೆ. ಕಸುಬಿನೊಳಗೆ ಈ 99 ಡಾಲರಿನವರಿಗೆ ‘ಬ್ಲೋ ಅಂಡ್ ಗೋ’ ಎಂದು ಬಿರುದು. ಇವರ ಸಾಧಾರಣ ವ್ಯಾಕ್ಯೂಮು ಕೆದಕಿ ಬಿಟ್ಟ ಧೂಳು ಮನೆಗೇ ಬರುವುದರಿಂದ, ಕೆಟ್ಟದಾಗಿ ಗುಡಿಸುವುದಕ್ಕಿಂತ ಗುಡಿಸದಿರುವುದು ಮೇಲು.

ಪ್ರೋಕ್ಷಣವಾದಿಗಳೆಂಬ ಇನ್ನೊಂದು ಪಂಥವಿದೆ. ಇವರು ಗುಡಿಸಿದ ಮೇಲೆ ಕ್ರಿಮಿನಾಶಕವನ್ನು ಸಿಂಪಡಿಸಿ ಪ್ರತ್ಯೇಕ ದಕ್ಷಿಣೆ ಕೇಳುತ್ತಾರೆ. ಫೈಬರ್‌ಗ್ಲಾಸ್ ಡಕ್ಟಿಗೆಂದು ಇಪಿಎ ಯಾವ ಕ್ರಿಮಿನಾಶಕವನ್ನೂ ನೋಂದಾಯಿಸಿಲ್ಲ. ‘ನಾವು ಇಪಿಎ ಪ್ರಮಾಣಿತರು’ ಎಂದು ಅಂಗಿಯ ಮೇಲೆ ಬರೆಸಿಕೊಂಡು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಬಹುದು; ಇಪಿಎ ಡಕ್ಟು ಗುಡಿಸುವ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ.

ಕಡೆಯದಾಗಿ ಕೊಸರಿನ ಪ್ರಕರಣ. ಸಂತೆಯಲ್ಲಿ ಸೊಪ್ಪಿನವಳು ಎರಡು ಎಸಳು ಕರಿಬೇವು ಹಾಕುವಂತೆ, ಇಡೀ ಮನೆಯ ಡಕ್ಟು ಗುಡಿಸಿಸಿದರೆ ಬಟ್ಟೆ ಒಣಗಿಸುವ ಡ್ರೈಯರಿನ ವೆಂಟು ಉಚಿತ ಎಂದು ಜಾಹೀರಾತಿನ ಮೂಲೆಯಲ್ಲಿ ಬರೆದಿರುತ್ತದೆ. ಇಡೀ ಮೀಮಾಂಸೆಯಲ್ಲಿ ಯಾವ ಅಪವಾದವನ್ನೂ ಕಾಯದೆ ಪ್ರಮಾಣಸಿದ್ಧವಾದ ಗುಡಿಸುವಿಕೆ ಇದೊಂದೇ. ಅಮೆರಿಕದ ಅಗ್ನಿಶಾಮಕ ಆಡಳಿತದ ಲೆಕ್ಕದಲ್ಲಿ 2008–2010ರ ಅವಧಿಯಲ್ಲಿ ಮನೆಗಳ ಡ್ರೈಯರ್‌ಗಳಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತ. ಮೊದಲ ಕಾರಣ ಸ್ವಚ್ಛ ಮಾಡದೆ ಬಿಟ್ಟದ್ದು. ನಾಲ್ಕಂಗುಲದ ಆ ಕೊಳವೆಯಲ್ಲಿ ಪಂಚೆ, ಟವೆಲ್ಲುಗಳ ನವಿರು ನೂಲು ಕೂಡಿ ಕೂಡಿ ಗಾಳಿ ಕಟ್ಟುತ್ತದೆ, ಪಕ್ಕದಲ್ಲೇ ಶಾಖ. ಇಲ್ಲಿ ವ್ಯಾಪ್ತಿಗೆ ಹಸಿ ಸೌದೆಯೂ ಬೇಡ.

ಆದ್ದರಿಂದ ಫ್ರಿಸ್ಕೊದ ತಾಯಿ ಮುಂದಿನ ಸಲ ಫೋನು ಬಂದಾಗ ಮಗನ ಕೈಯಿಂದ ಕಿತ್ತುಕೊಂಡು, ತನಗೆ ತಿಳಿದ ಇಂಗ್ಲಿಷಿನಲ್ಲಿ, ಕೊಸರೊಂದನ್ನೇ ಎಷ್ಟಕ್ಕೆ ಕೊಡುತ್ತೀಯೆಂದು ಕೇಳಿದಳು. ಆ ಕಡೆಯವನು ಮ್ಯಾನೇಜರನ್ನು ಕರೆಯುತ್ತೇನೆಂದು ಹೋಗಿದ್ದಾನೆ.