ಗೊರೇಬಾಳ ಪರಿಸರದಲ್ಲಿ ಮುಸುಕುಧಾರಿ ನಾಯಕರ ತಾತ್ವಿಕ ನೆಲೆಗಳು: ಒಂದು ಬಹುಶಿಸ್ತೀಯ ಅನುಸಂಧಾನ

ಅಧ್ಯಾಯ ಒಂದು: ಪ್ರಸ್ತಾವನೆಗೆ ಪೂರ್ವಪೀಠಿಕೆ

ಚಿತ್ರಕಥೆ ಎಂಬುದು ಬರೀ ಚಿತ್ರವೂ ಅಲ್ಲ, ಬರೀ ಕಥೆಯೂ ಅಲ್ಲ. ಚಿತ್ರ ಮತ್ತು ಕಥೆಗಳ ಮುಖಾಮುಖಿಯಲ್ಲಿ ಮೈದಾಳುವ ಬಹುಮುಖಿ ಸಂಕಥನ ಅದು. ಈ ಸಂಕಥನವನ್ನು ಗೊರೇಬಾಳದ ಸ್ಥಳೀಯ ಅಸ್ಮಿತೆಯ ನೆಲೆಗಟ್ಟಿನ ಮೇಲಿಟ್ಟು, ವಸಾಹತೋತ್ತರ ಎಚ್ಚರದಿಂದ, ದೇಸಿ ಕಣ್ಣೋಟದಿಂದ, ಆದಷ್ಟು ಯಾರಿಗೂ ತಿಳಿಯದ ಹಾಗೆ ನಿರ್ವಚಿಸುವುದು ಪ್ರಸ್ತುತ ಅಧ್ಯಯನದ ಘನ ಉದ್ದೇಶ.

ಅಧ್ಯಯನಕ್ಕೆ ಪ್ರೇರಣೆ ಕಾಡಿನ ಮುಸುಕುಧಾರಿ ಫ್ಯಾಂಟಮ್ ಅಲ್ಲ, ನಮ್ಮ ಭಾಗದ ಒಂದು ಕಾಲೇಜಿನಲ್ಲಿ ನಡೆದ ಮಕ್ಕಳ ಸಾಹಿತ್ಯದ ವಿಚಾರ ಸಂಕಿರಣ. ಆಂಧ್ರದ ಆದೋನಿಯಿಂದ ಒಬ್ಬರು ಬಂದಿದ್ದರಿಂದ ಅದು ‘ರಾಷ್ಟ್ರೀಯ’ ಸಂಕಿರಣವಾಗಿತ್ತು. ಹತ್ತಕ್ಕೆ ಶುರುವಾಗಬೇಕಾದದ್ದು ಹನ್ನೊಂದೂವರೆಗೆ ಶುರುವಾಯಿತು. ಸಸಿಗೆ ನೀರೆರೆದರು, ಶಾಲು ಹೊದಿಸಿದರು, ಹೊದಿಸಿದವರಿಗೂ ಹೊದಿಸಿದರು. ಆಶಯ ಭಾಷಣ ಮಾಡಿದ ವಿದ್ವಾಂಸರು ‘ಚಿತ್ರಕಥಾ ನಾಯಕನ ಯಾಜಮಾನ್ಯದ ರಾಚನಿಕ ಬಿರುಕುಗಳು’ ಎಂಬ ಮಾತನ್ನು ನಾಲ್ಕು ಸಲ ಹೇಳಿದರು. ಒಬ್ಬ ನಾಯಕನ ಹೆಸರನ್ನೂ ಹೇಳಲಿಲ್ಲ. ಪ್ರಸ್ತುತ ಸಂಶೋಧಕನು ಕೊನೆಯ ಸಾಲಿನಲ್ಲಿ ಕುಳಿತು, ಬ್ಯಾಗಿನಲ್ಲಿ ಕೊಟ್ಟಿದ್ದ ನೋಟ್‌ಪ್ಯಾಡಿನ ಮೇಲೆ ಈ ಪ್ರಬಂಧದ ಬೀಜವನ್ನು ಬಿತ್ತಿದನು.

ಅಧ್ಯಾಯ ಎರಡು: ವ್ಯಾಪ್ತಿ, ಮಿತಿ ಮತ್ತು ಮಿತಿಯ ವ್ಯಾಪ್ತಿ

ಗೊರೇಬಾಳ ಎಂದರೆ ಯಾವ ಗೊರೇಬಾಳ? ಹೆಸರು ಹೇಳಿದ ಕೂಡಲೇ ಸಿಂಧನೂರು ಕಡೆಯದೋ ಲಿಂಗಸುಗೂರು ಕಡೆಯದೋ ಎಂದು ಮರುಪ್ರಶ್ನೆ ಬರುತ್ತದೆ. ಮಸ್ಕಿ ಹೊಸ ತಾಲ್ಲೂಕಾದ ಮೇಲಂತೂ ಗೊಂದಲಕ್ಕೆ ಇನ್ನೊಂದು ಗಡಿ ಸೇರಿದೆ. ಈ ಭೌಗೋಳಿಕ ಅನಿಶ್ಚಿತತೆಯನ್ನು ‘ಗುಪ್ತ ಗುರುತಿನ ಪ್ರಾದೇಶಿಕ ಅಭಿವ್ಯಕ್ತಿ’ ಎಂದು ಕರೆಯಬಹುದು. ಕರೆದರೆ ಏನು ಲಾಭ ಎಂದು ಕೇಳಬಾರದು. ಒಂದು ಅಧ್ಯಾಯ ಮುಗಿಯುತ್ತದೆ.

ಮಿತಿ: ಆಕರಗಳಲ್ಲಿ ಬಹುಪಾಲಿಗೆ ಎಣ್ಣೆ ಹತ್ತಿದೆ.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಚಿತ್ರಕಥೆಗಳು ಅಂಗಡಿಯಿಂದ ಓದುಗನಿಗೆ ಬರಲಿಲ್ಲ, ರದ್ದಿಯಿಂದ ಮಿರ್ಚಿಗೆ, ಮಿರ್ಚಿಯಿಂದ ಓದುಗನಿಗೆ ಬಂದವು. ಎಲ್ಲೋ ದೊಡ್ಡ ಊರಿನಲ್ಲಿ ಯಾರೋ ಓದಿ ಬಿಸಾಕಿದ ಇಂದ್ರಜಾಲ ಕಾಮಿಕ್ಸು ಕಿಲೋ ಲೆಕ್ಕದಲ್ಲಿ ಒಗ್ಗರಣಿ–ಮಿರ್ಚಿ ಹೋಟೆಲಿಗೆ ಬರುತ್ತಿತ್ತು. ಹೋಟೆಲಿನ ಕಾಕಾ ಅದನ್ನು ಹಾಳೆ ಹಾಳೆಯಾಗಿ ಹರಿದು ಗಲ್ಲೆಯ ಪಕ್ಕ ಮೊಳೆಗೆ ಚುಚ್ಚಿಡುತ್ತಿದ್ದ. ಬಿಸಿ ಮಿರ್ಚಿ ಇಟ್ಟ ಕಡೆ ಎಣ್ಣೆ ಹೀರಿ ಕಾಗದ ಗಾಜಿನಂತಾಗಿ, ಹಿಂದಿನ ಪುಟದ ಚಿತ್ರ ಮುಂದಕ್ಕೆ ಮೂಡುತ್ತಿತ್ತು. ಫ್ಯಾಂಟಮ್ ಗುದ್ದಲು ಎತ್ತಿದ ಮುಷ್ಟಿಯೊಳಗೆ ಹಿಂಬದಿಯ ಜಾಹೀರಾತಿನ ಹುಡುಗಿ ಬಿಸ್ಕೀಟು ತಿನ್ನುತ್ತ ನಗುತ್ತಿದ್ದಳು. ಆ ವಿದ್ವಾಂಸರು ಕಂಡಿದ್ದರೆ ಇದನ್ನು ‘ಪಠ್ಯಾಂತರ ಸಂಬಂಧ’ ಎನ್ನುತ್ತಿದ್ದರು. ನಾವು ಬೆರಳಲ್ಲಿ ಒರೆಸಿ ಓದುತ್ತಿದ್ದೆವು.

ಕ್ಷೇತ್ರಕಾರ್ಯದ ಒಂದು ತುಣುಕು, ಮಾಹಿತಿದಾರ ಹೋಟೆಲಿನ ಕಾಕಾ:

“ಕಾಕಾ, ಇದರ ಮುಂದಿನ ಹಾಳಿ ಐತೇನು?”

“ಐತಿ. ಇನ್ನೊಂದು ಪ್ಲೇಟ ಮಿರ್ಚಿ ತಗೋ, ಬರತೈತಿ.”

ಧಾರಾವಾಹಿ ಸಾಹಿತ್ಯಕ್ಕೂ ಮಾರುಕಟ್ಟೆಗೂ ಇರುವ ಸಂಬಂಧವನ್ನು ಇಷ್ಟು ಸರಳವಾಗಿ ಹೇಳಿದ ಇನ್ನೊಬ್ಬ ಅರ್ಥಶಾಸ್ತ್ರಜ್ಞನನ್ನು ನಾನು ಓದಿಲ್ಲ. ಮುಂದಿನ ಹಾಳೆ ಬೇರೆ ಯಾರದೋ ಪ್ಲೇಟಿಗೆ ಹೋಗಿದ್ದರೆ ಕಥೆಯನ್ನು ನಾವೇ ಮುಗಿಸುತ್ತಿದ್ದೆವು.

ಅಧ್ಯಾಯ ಮೂರು: ನಾಯಕ ವರ್ಗೀಕರಣ

ಶಾಸ್ತ್ರೀಯ ಅಧ್ಯಯನಕ್ಕೆ ವರ್ಗೀಕರಣ ಬೇಕೇ ಬೇಕು. ಧೀರೋದಾತ್ತ, ಧೀರಲಲಿತ ಮುಂತಾದ ಹಳೆಯ ವಿಭಾಗಗಳು ಇಲ್ಲಿ ಸಾಲವು. ಆದ್ದರಿಂದ ಪ್ರಸ್ತುತ ಸಂಶೋಧಕನು ಅಂತರ್ವಸ್ತ್ರದ ಸ್ಥಾನವನ್ನೇ ಮಾನದಂಡವಾಗಿ ಸ್ವೀಕರಿಸಿದ್ದಾನೆ.

(ಅ) ಬಹಿರಂಗ ಚಡ್ಡಿ ಪಂಥ: ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಈ ಪಂಥದ ಆದ್ಯ ಪುರುಷ. 1938ರ ಸೂಪರ್‌ಮ್ಯಾನ್ ಇದನ್ನು ವಿಶ್ವವ್ಯಾಪಿ ಮಾಡಿದ. ಪ್ಯಾಂಟಿನ ಮೇಲೆ ಚಡ್ಡಿ ತೊಡುವ ಈ ಪದ್ಧತಿ ಆ ಕಾಲದ ಸರ್ಕಸ್ ಪೈಲ್ವಾನರ ಉಡುಪಿನಿಂದ ಬಂದದ್ದು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚಿನಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದಾಗ ಮೊದಲು ಬಂದವನೇ ಫ್ಯಾಂಟಮ್. ಕಾಡಿನಲ್ಲಿ ಕಪ್ಪು ಜನರಿಗೆಲ್ಲ ಒಬ್ಬ ಬಿಳಿಯ ಯಜಮಾನ ಬೇಕು ಎಂಬ ಯೋಚನೆಯ ಮೇಲೆ ಅವನ ಸಿಂಹಾಸನ ನಿಂತಿದೆ ಎಂದು ವಸಾಹತೋತ್ತರದವರು ಹೇಳುವುದು ನಿಜವೇ. ಅದಕ್ಕೆ ಅಷ್ಟು ಕಷ್ಟದ ಕನ್ನಡ ಏಕೆ ಬೇಕು ಎಂಬುದಷ್ಟೇ ನನ್ನ ತಕರಾರು. ನಮ್ಮ ಓಣಿಯಲ್ಲಿ ಈ ಪಂಥದ ದೀಕ್ಷೆ ಪಡೆದು ಹೊರಬಿದ್ದ ಹುಡುಗನಿಗೆ ಅವನ ಅವ್ವ ಕೊಟ್ಟ ಏಟಿನಿಂದ ಪಂಥ ಅಲ್ಲಿಗೇ ನಿಂತಿತು.

(ಆ) ಅಂತರಂಗ ಚಡ್ಡಿ ಪಂಥ: ಸೂಟು, ಟೋಪಿಯ ಮಾಂತ್ರಿಕ ಮ್ಯಾಂಡ್ರೇಕ್, ಆಬಿದ್ ಸುರ್ತಿ 1976ರಲ್ಲಿ ಸೃಷ್ಟಿಸಿದ ಕುರ್ತಾ–ಜೀನ್ಸಿನ ಬಹಾದ್ದೂರ್, ಪ್ರಾಣ್ ಅವರ ಪೇಟದ ಚಾಚಾ ಚೌಧರಿ. ಚಾಚಾನ ಮಿದುಳು ಕಂಪ್ಯೂಟರಿಗಿಂತ ಚುರುಕು. ಕಂಪ್ಯೂಟರ್ ಹೇಗಿರುತ್ತದೆ ಎಂದೇ ಗೊತ್ತಿಲ್ಲದ ನಮಗೆ ಆ ಹೋಲಿಕೆಯಿಂದ ಕಂಪ್ಯೂಟರಿನ ಮೇಲೆ ಗೌರವ ಬಂತು.

(ಇ) ಕಿರೀಟ–ಧೋತರ ಪಂಥ: ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಿಂದ ಕಟ್ಟಿ ಬೆಳೆಸಿದ ಅಮರ ಚಿತ್ರಕಥೆ. ಇಲ್ಲಿ ಅಂತರ್ವಸ್ತ್ರದ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಮಾನದಂಡಕ್ಕೆ ಮೊದಲ ಏಟು ಬಿದ್ದದ್ದು ಈ ಪಂಥದಿಂದ.

ಇದರೊಳಗಿನ ಒಬ್ಬ ನಾಯಕನ ಬಗ್ಗೆ ಮಾತ್ರ ತಮಾಷೆ ಬಿಟ್ಟು ಹೇಳುತ್ತೇನೆ. ಅಶೋಕ. ಮುಸುಕುಧಾರಿಗಳ ಕಥೆಯಲ್ಲೆಲ್ಲ ಒಂದೇ ಕುತೂಹಲ ತಾನೇ? ಮುಸುಕಿನ ಹಿಂದೆ ಇರುವವನು ಯಾರು, ಅವನ ನಿಜವಾದ ಹೆಸರೇನು? ಅಶೋಕನ ಕಥೆಯೂ ನೂರು ವರ್ಷದ ಹಿಂದಿನವರೆಗೆ ಹೀಗೇ ಇತ್ತು. ಅಲ್ಲಿಯವರೆಗೆ ಸಿಕ್ಕ ಬಂಡೆ, ಕಂಬಗಳ ಮೇಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಇದ್ದವು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಬರಹ ಕಂಡ. ಅದರಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು: ಅಶೋಕ. ಬಿರುದಿನ ಒಡೆಯ ಯಾರು ಎಂಬ ವಾದಕ್ಕೆ ತೆರೆ ಬಿದ್ದದ್ದು ಅಲ್ಲಿ. ದೇಶದ ಅತಿ ದೊಡ್ಡ ಗುಪ್ತ ಗುರುತು ಬಯಲಾದದ್ದು ನಮ್ಮ ಪಕ್ಕದ ಗುಡ್ಡದಲ್ಲಿ, ಅದೂ ಬಂಗಾರ ಹುಡುಕಲು ಬಂದವನ ಕಣ್ಣಿಗೆ! ಕೊಲ್ಲುವುದನ್ನು ಬಿಟ್ಟು ದೊಡ್ಡವನಾದ ನಾಯಕನ ಚಿತ್ರಕಥೆಯನ್ನು ಆ ಬಂಡೆಯ ಆಸುಪಾಸಿನಲ್ಲೇ ಕೂತು ಓದಿದೆವು. ಬಂಡೆ ಅಲ್ಲೇ ಇದೆ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದವರು ಬಹುಶಃ ಯಾವುದೋ ಸಂಕಿರಣಕ್ಕೆ ಹೋಗಿದ್ದರು.

(ಈ) ಬಾಲವುಳ್ಳ ಪಂಥ: ಬಾಲಮಂಗಳ ಪತ್ರಿಕೆಯ ಡಿಂಗ. ಇವನು ಇಲಿ. ಮಲಯಾಳದಲ್ಲಿ 1983ರಲ್ಲಿ ಡಿಂಕನ್ ಎಂಬ ಹೆಸರಿನಿಂದ ಹುಟ್ಟಿ ಘಟ್ಟ ದಾಟಿ ಬಂದವನು. ಬೇರೆ ಗ್ರಹದವರು ಹೊತ್ತೊಯ್ದು ಏನೋ ಪ್ರಯೋಗ ಮಾಡಿದ್ದರಿಂದ ಅವನಿಗೆ ಶಕ್ತಿ ಬಂತು. ಕೇರಳದ ವಿಚಾರವಾದಿಗಳು ಅವನನ್ನೇ ದೇವರೆಂದು ಸಾರಿ, ಬಾಲಮಂಗಳವನ್ನು ಧರ್ಮಗ್ರಂಥ ಮಾಡಿ, ಅಣಕು ಮತವೊಂದನ್ನು ಕಟ್ಟಿದ್ದಾರೆ. ಅವನ ಹೆಸರಿನಲ್ಲಿ ಸಿನಿಮಾ ಬರುತ್ತದೆ ಎಂದಾಗ ತಮ್ಮ ಧಾರ್ಮಿಕ ಭಾವನೆಗೆ ಧಕ್ಕೆಯಾಯಿತು ಎಂದು ಪ್ರತಿಭಟನೆ ಮಾಡಿದರು. ಅಣಕು ಹೇಗಿರಬೇಕು ಎನ್ನುವುದಕ್ಕೆ ಅದು ಮಾದರಿ, ಈ ಪ್ರಬಂಧ ಅದರ ಮುಂದೆ ಏನೂ ಅಲ್ಲ.

(ಉ) ಹಾಗೂ (ಊ) ಪಂಥಗಳನ್ನು ಕೈಬಿಡಲಾಗಿದೆ. ಟೀವಿಯ ಶಕ್ತಿಮಾನ್‌ನನ್ನು ಎಲ್ಲಿ ಸೇರಿಸುವುದು ಎಂದು ತಲೆ ಕೆಡಿಸಿಕೊಳ್ಳುವಷ್ಟರಲ್ಲಿ ಚಡ್ಡಿಯ ಮೇಲಿನ ಆಸಕ್ತಿಯೇ ಹೊರಟುಹೋಯಿತು.

ಅಧ್ಯಾಯ ನಾಲ್ಕು: ಪ್ರೇರಣಾ ಮೀಮಾಂಸೆ

ಸಂಕಿರಣದಲ್ಲಿ ಎಲ್ಲರೂ ‘ಮೌಲ್ಯ’ ಎಂದರು. ಚಿತ್ರಕಥೆಗಳಿಂದ ಮಕ್ಕಳಲ್ಲಿ ಮೌಲ್ಯಗಳು ಬಿತ್ತನೆಯಾಗುತ್ತವಂತೆ. ನನಗೆ ತಿಳಿದ ಮಟ್ಟಿಗೆ ನಮ್ಮಲ್ಲಿ ಯಾವ ಮೌಲ್ಯವೂ ಬಿತ್ತನೆಯಾಗಲಿಲ್ಲ. ಆದದ್ದು ಇಷ್ಟೇ: ಶಾಲೆಯ ಪುಸ್ತಕದಲ್ಲಿ ಒಂದು ಸಾಲು ಓದಲು ತಡವರಿಸುತ್ತಿದ್ದ ಹುಡುಗರು, ಫ್ಯಾಂಟಮ್‌ನ ಬಾಯಿಂದ ಹೊರಟ ಗುಳ್ಳೆಯೊಳಗೆ ಏನು ಬರೆದಿದೆ ಎಂದು ತಿಳಿಯುವ ಹಟಕ್ಕೆ ಓದಲು ಕಲಿತರು. ಹೊಡೆತ ತಿನ್ನದೆ, ಮಾರ್ಕ್ಸ್ ಇಲ್ಲದೆ, ಮಿರ್ಚಿ ತಿನ್ನುತ್ತ ಕಲಿತರು. ಈ ನಾಯಕರು ಮಾಡಿದ ಏಕೈಕ ಸಾಹಸ ಅದು. ಅವರು ಸಾವಿರ ಖಳರನ್ನು ಗುದ್ದಿದ್ದಕ್ಕಿಂತ ದೊಡ್ಡದು.

ಆ ದಿನ ಸಭಾಂಗಣದ ಮುಂದಿನ ಸಾಲುಗಳಲ್ಲಿ ಹತ್ತಿರದ ಶಾಲೆಯ ಮಕ್ಕಳನ್ನು ಯೂನಿಫಾರ್ಮಿನಲ್ಲಿ ತಂದು ಕೂರಿಸಿದ್ದರು, ಕುರ್ಚಿ ತುಂಬಲು. ಮಧ್ಯಾಹ್ನದವರೆಗೆ ನೀರಿಗೂ ಏಳದೆ ಕುಳಿತರು. ಸಂವಾದದ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತಳು.

“ಸರ, ಆ ಪುಸ್ತಕ ಎಲ್ಲಿ ಸಿಗತಾವ್ರೀ?”

ವಿದ್ವಾಂಸರು ನಕ್ಕು ಹೇಳಿದರು: “ನನ್ನ ಪ್ರಬಂಧದ ಕೊನೆಗೆ ಗ್ರಂಥಋಣ ಇದೆ, ನೋಡಮ್ಮ.”

ಇಲ್ಲಿಗೆ ಸಂಶೋಧಕನ ಪಾತ್ರ ಸಾಕು. ಆ ಹುಡುಗಿಯ ಪ್ರಶ್ನೆಗೆ ನಿಜವಾದ ಉತ್ತರ ‘ನಮ್ಮ ಕಡೆ ಎಲ್ಲೂ ಸಿಗುವುದಿಲ್ಲ’ ಎಂಬುದು. ಇಂದ್ರಜಾಲ 1990ರಲ್ಲಿ ನಿಂತಿತು. ತಲೆಮಾರುಗಳನ್ನು ಓದಿಸಿದ ಚಂದಮಾಮ ಬಾಗಿಲು ಹಾಕಿತು. ಡಿಂಗನ ಮಲಯಾಳದ ತವರುಪತ್ರಿಕೆಯೂ 2012ಕ್ಕೆ ಮುಗಿಯಿತು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಈಗ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು, ಪಕ್ಕದಲ್ಲಿ ಚಿಪ್ಸ್. ಮಿರ್ಚಿ ಕಟ್ಟುವ ಕಾಗದ ಕೂಡ ಈಗ ಖಾಲಿ. ಕಾಲುವೆಯ ನೀರಿನಂತೆ ಪುಸ್ತಕವೂ ಮೇಲ್ಭಾಗದಲ್ಲೇ ಮುಗಿಯುತ್ತದೆ, ಟೇಲ್‌ಎಂಡಿಗೆ ಬರುವುದು ಅದರ ಬಗ್ಗೆ ಭಾಷಣ ಮಾತ್ರ.

ಫ್ಯಾಂಟಮ್ ವಂಶದ ಮೊದಲನೆಯವನು 1536ರಲ್ಲಿ ಅಪ್ಪನನ್ನು ಕೊಂದವನ ತಲೆಬುರುಡೆ ಹಿಡಿದು ಪ್ರತಿಜ್ಞೆ ಮಾಡಿದ. ಅಲ್ಲಿಂದ ಇಪ್ಪತ್ತೊಂದು ತಲೆಮಾರು ಅಪ್ಪನಿಂದ ಮಗನಿಗೆ ಮುಖವಾಡ ದಾಟಿ ಬಂತು. ನಮ್ಮಲ್ಲಿ ಅಪ್ಪನಿಂದ ಮಗನಿಗೆ ದಾಟುವುದು ಸಾಲ. ಹತ್ತಿ ಬಿಡಿಸುವ ಕಾಲಕ್ಕೆ ತರಗತಿ ಅರ್ಧ ಖಾಲಿ, ಬೇಸಿಗೆಗೆ ಗುಳೆ. ಅಪ್ಪ ಅವ್ವನ ಹಿಂದೆ ಬೆಂಗಳೂರಿನ ಕಟ್ಟಡಗಳ ಮಗ್ಗುಲಿನ ಶೆಡ್ಡಿಗೆ ಹೋದ ಮಗು ಮರಳಿ ಶಾಲೆಗೆ ಬಂದರೆ ಪುಣ್ಯ. ಇದರ ಬಗ್ಗೆಯೂ ಪ್ರಬಂಧ ಬಂದಿರಬಹುದು, ‘ವಲಸೆಯ ಸಂಕಥನ’ ಎಂದು.

ಹಾಗಂತ ನಾಯಕರಿಗೆ ನಮ್ಮಲ್ಲಿ ಬರವೇನೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಸಿಂಧನೂರಿನ ನಾಟಿ ಗದ್ದೆಗಳೆಲ್ಲ ಎಡದಂಡೆ ಕಾಲುವೆಯನ್ನು ನಂಬಿದವು, ಆ ವಾರ ಇಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಸೂಪರ್‌ಮ್ಯಾನ್ ಆಗಿದ್ದರೆ ಹಾರಿ ಬಂದು ಎದೆ ಕೊಟ್ಟು ನಿಲ್ಲುತ್ತಿದ್ದ. ಬಂದವರು ಎಪ್ಪತ್ತು ದಾಟಿದ ಗೇಟು ತಜ್ಞ ಕನ್ನಯ್ಯ ನಾಯ್ಡು. ಜೊತೆಗೆ ಕ್ರೇನು, ಉಕ್ಕಿನ ತುಂಡುಗಳು ಮತ್ತು ಹೆಸರು ಯಾರಿಗೂ ನೆನಪಿಲ್ಲದ ಕಾರ್ಮಿಕರು. ಜಲಾಶಯ ಬರಿದಾಗುವ ತನಕ ಕಾಯದೆ, ಹರಿಯುವ ನೀರಿನಲ್ಲೇ ಆ ಉಕ್ಕಿನ ತುಂಡುಗಳ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದರು. ಒಂದು ಪ್ಯಾನಲ್ಲಿನಲ್ಲಿ ನದಿ, ಒಂದರಲ್ಲಿ ಕ್ರೇನು, ಒಂದರಲ್ಲಿ ಆ ಮುದುಕರ ಮುಖ. ಬರೆಯುವವರಿದ್ದರೆ ಚಿತ್ರಕಥೆ ತಯಾರೇ ಇತ್ತು. ಗೊರೇಬಾಳದ ಮಗು ತನ್ನ ಗದ್ದೆಗೆ ನೀರು ಉಳಿಸಿದವರ ಸಾಹಸವನ್ನು ಬಣ್ಣದಲ್ಲಿ ಓದಬಹುದಿತ್ತು. ಅಂಥ ಪುಸ್ತಕ ನನ್ನ ಕೈಗೆ ಇನ್ನೂ ಬಂದಿಲ್ಲ.

ಇನ್ನು ದುಡ್ಡಿನ ಮಾತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ನಾವೇ ಕಟ್ಟುತ್ತೇವೆ. ಪುಸ್ತಕ ಬೇಡುವುದು ಯಾರ ಧರ್ಮವನ್ನೂ ಕೇಳಿದಂತಲ್ಲ. ಓದುಗರೇ, ನಾಳೆ ನಿಮ್ಮೂರ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ಮಕ್ಕಳ ಕಪಾಟು ಎಲ್ಲಿದೆ ಎಂದು ಕೇಳಿ. ಕಪಾಟಿಗೆ ಬೀಗ ಇದ್ದರೆ ಕೀಲಿ ಯಾರ ಕಿಸೆಯಲ್ಲಿದೆ ಎಂದು ಕೇಳಿ. ಮನೆಯ ಅಟ್ಟದ ಮೇಲೆ ಹಳೆಯ ಚಂದಮಾಮ, ಬಾಲಮಂಗಳ, ಅಮರ ಚಿತ್ರಕಥೆ ಇದ್ದರೆ ರದ್ದಿಗೆ ಹಾಕದೆ ಅಲ್ಲಿ ತಂದಿಡಿ, ಪುಟ ಹರಿದಿದ್ದರೂ ಚಿಂತೆಯಿಲ್ಲ. ಅದನ್ನು ನೋಡಿ ಯಾರಾದರೂ ವಿಚಾರ ಸಂಕಿರಣ ಮಾಡಲು ಬಂದರೆ, ದಯವಿಟ್ಟು ಮಕ್ಕಳು ಓದಿ ಮುಗಿಸುವ ತನಕ ಅವರನ್ನು ಹೊರಗೇ ಕೂರಿಸಿ.